ಶಾಲೆಯಂಗಳದ ಪಾತಿಗಳು: ಅಮೆರಿಕದ ಶಾಲಾ ತೋಟಗಳ ಕಥೆ

ನಮ್ಮ ಮಕ್ಕಳನ್ನು ಐದನೆಯ ವಯಸ್ಸಿಗೆ ಸೇರಿಸುವ ಕಿಂಡರ್‌ಗಾರ್ಟನ್ ಎಂಬ ಮಾತಿಗೆ ಜರ್ಮನ್ ಭಾಷೆಯಲ್ಲಿ ‘ಮಕ್ಕಳ ತೋಟ’ ಎಂದರ್ಥ. 1840ರಲ್ಲಿ ಈ ಹೆಸರಿಟ್ಟ ಫ್ರೀಡ್ರಿಕ್ ಫ್ರೋಬೆಲ್ ಅದನ್ನು ಬರಿಯ ಉಪಮೆಯಾಗಿ ಹೇಳಿರಲಿಲ್ಲ. ಪ್ರತಿಯೊಂದು ಮಗುವಿಗೂ ತನ್ನದೇ ಆದ ಪುಟ್ಟ ಪಾತಿ ಇರಬೇಕೆಂಬುದು ಅವರ ಪದ್ಧತಿಯಾಗಿತ್ತು. ನಾವು ಕನ್ನಡದಲ್ಲಿ ಅದನ್ನು ಶಿಶುವಿಹಾರವೆಂದೆವು. ಹೆಸರೇನೋ ಸೊಗಸಾಗಿದೆ, ಪಾತಿ ಮಾತ್ರ ಬಿಟ್ಟುಹೋಯಿತು.

1869ರಲ್ಲಿ ಆಸ್ಟ್ರಿಯಾ ದೇಶವು ಹಳ್ಳಿಶಾಲೆಗಳ ತೋಟವನ್ನು ಶಿಕ್ಷಣ ಕಾನೂನಿನಲ್ಲೇ ಸೇರಿಸಿತು. ಯೂರೋಪಿನ ಇಂಥ ತೋಟಗಳನ್ನು ನೋಡಿಬರಲೆಂದು 1890ರಲ್ಲಿ ಮ್ಯಾಸಚೂಸೆಟ್ಸ್ ತೋಟಗಾರಿಕಾ ಸಂಘವು ಹೆನ್ರಿ ಲಿಂಕನ್ ಕ್ಲ್ಯಾಪ್ ಎಂಬ ಮುಖ್ಯೋಪಾಧ್ಯಾಯರನ್ನು ಕಳುಹಿಸಿತು. ಮರುವರ್ಷವೇ ಅವರು ಬಾಸ್ಟನ್ನಿನ ರಾಕ್ಸ್‌ಬರಿಯಲ್ಲಿದ್ದ ತಮ್ಮ ಜಾರ್ಜ್ ಪಟ್ನಮ್ ಶಾಲೆಯಲ್ಲಿ ತೋಟವೊಂದನ್ನು ತೆರೆದರು. ಈ ದೇಶದ ಮೊದಲ ಶಾಲಾ ತೋಟವೆಂದು ಸಾಮಾನ್ಯವಾಗಿ ಅದನ್ನೇ ಹೆಸರಿಸುತ್ತಾರೆ. ಅಲ್ಲಿ ಮೊದಲು ನೆಟ್ಟದ್ದು ತರಕಾರಿಯಲ್ಲ. ಸುತ್ತಲಿನ ಕಾಡುಮೇಡುಗಳ ಹೂಗಿಡಗಳು ಮತ್ತು ಜರೀಗಿಡಗಳು. ಪಟ್ಟಣದ ಮಗು ತನ್ನ ನೆಲದ ಗಿಡಗಳನ್ನು ಹೆಸರು ಹಿಡಿದು ಗುರುತಿಸಲಿ, ನೋಡಿದ್ದನ್ನು ಬರೆಯಲಿ, ಚಿತ್ರಿಸಲಿ ಎಂಬುದಷ್ಟೇ ಉದ್ದೇಶ. ತರಕಾರಿ ಬಂದದ್ದು ಸುಮಾರು ಹತ್ತು ವರ್ಷಗಳ ನಂತರ. ಇಡೀ ಚರಿತ್ರೆಯಲ್ಲಿ ನಮಗೆ ಅತ್ಯಂತ ಹಿಡಿಸಿದ್ದು ಈ ಮೊದಲ ಹತ್ತು ವರ್ಷಗಳೇ. ಆ ತೋಟದಿಂದ ಯಾರೂ ಏನನ್ನೂ ವಸೂಲಿ ಮಾಡಬೇಕೆಂದಿರಲಿಲ್ಲ.

ಮುಂದೆ ಬಂದವರು ತೋಟಕ್ಕೆ ಒಂದೊಂದು ಕೆಲಸ ಹಚ್ಚಿದರು. 1902ರಲ್ಲಿ ನ್ಯೂಯಾರ್ಕಿನ ಡಿವಿಟ್ ಕ್ಲಿಂಟನ್ ಪಾರ್ಕಿನಲ್ಲಿ ಮಕ್ಕಳ ಕೃಷಿಶಾಲೆ ತೆರೆದ ಶ್ರೀಮತಿ ಫ್ಯಾನಿ ಪಾರ್ಸನ್ಸ್ ಅವರಿಗೆ, ಬಡ ವಲಸೆಗಾರರ ಮಕ್ಕಳು ಪಾತಿಯ ಮೂಲಕ ಶಿಸ್ತು, ಪ್ರಾಮಾಣಿಕತೆ ಕಲಿತು ಒಳ್ಳೆಯ ನಾಗರಿಕರಾಗುವುದು ಮುಖ್ಯವಾಗಿತ್ತು. (ವಲಸೆ ಬಂದ ನಾವು ಇದನ್ನು ಓದಿ ಸ್ವಲ್ಪ ನಕ್ಕೆವು.) ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಿಬರ್ಟಿ ಹೈಡ್ ಬೈಲಿ ಮತ್ತು ಆನಾ ಕಾಮ್‌ಸ್ಟಾಕ್ ‘ನಿಸರ್ಗ ಅಧ್ಯಯನ’ವನ್ನು ಬೆಳೆಸಿದಾಗ, ಹಳ್ಳಿಯ ಯುವಕರು ಬೇಸಾಯ ಬಿಟ್ಟು ಪೇಟೆ ಸೇರುತ್ತಿದ್ದಾರೆಂಬ ಚಿಂತೆ ಅದರ ಹಿಂದಿತ್ತು. 1911ರಲ್ಲಿ ಕಾಮ್‌ಸ್ಟಾಕ್ ಬರೆದ ಶಿಕ್ಷಕರ ಕೈಪಿಡಿ ಇಂದಿಗೂ ಮುದ್ರಣದಲ್ಲಿದೆ.

ಮೊದಲ ಮಹಾಯುದ್ಧ ಬಂದಾಗ ತೋಟ ಸೈನ್ಯವನ್ನೇ ಸೇರಿತು. ಅಧ್ಯಕ್ಷ ವುಡ್ರೋ ವಿಲ್ಸನ್ ರಕ್ಷಣಾ ನಿಧಿಯಿಂದ ಹಣ ಕೊಟ್ಟರು. ಕೇಂದ್ರ ಶಿಕ್ಷಣ ಇಲಾಖೆಯು ‘ಅಮೆರಿಕದ ಶಾಲಾ ತೋಟ ಸೇನೆ’ಯನ್ನು ಕಟ್ಟಿತು. ಮಕ್ಕಳಿಗೆ ಬ್ಯಾಜು, ದರ್ಜೆ, ತುಕಡಿ, ನಾಯಕರು ಎಲ್ಲವೂ ಇದ್ದವು. 1918ರಲ್ಲಿ ಸುಮಾರು 15 ಲಕ್ಷ ಮಕ್ಕಳು ಹೆಸರು ಕೊಟ್ಟರೆಂದು ಅಂದಿನ ವರದಿಗಳು ಹೇಳುತ್ತವೆ. ಹಿತ್ತಿಲು, ಖಾಲಿ ಸೈಟು ಎಲ್ಲೆಲ್ಲೂ ಆಲೂಗೆಡ್ಡೆ, ಹುರುಳಿಕಾಯಿ! ಯುದ್ಧ ನಿಂತಿತು, 1919ರ ಹೊತ್ತಿಗೆ ಹಣವೂ ನಿಂತಿತು, ಸೇನೆಯೂ ಕರಗಿತು. ಎರಡನೆಯ ಮಹಾಯುದ್ಧದ ‘ವಿಜಯದ ತೋಟ’ಗಳ ಹಣೆಬರಹವೂ ಹೆಚ್ಚುಕಡಿಮೆ ಇದೇ. ಯಾವ ಕಾರಣಕ್ಕಾಗಿ ತೋಟ ಎದ್ದಿತೋ ಆ ಕಾರಣ ತೀರಿದೊಡನೆ ಅದರ ಮೇಲೆ ಹುಲ್ಲುಹಾಸು ಇಲ್ಲವೇ ಡಾಂಬರು ಬಿತ್ತು.

ಕಾನೂನಿನ ಕಥೆಯೂ ಬೇರೆಯಲ್ಲ. 1970ರಲ್ಲಿ ಮೊದಲ ಭೂದಿನ, ಅದೇ ವರ್ಷ ಪರಿಸರ ಶಿಕ್ಷಣ ಕಾಯಿದೆ. 1981ರಲ್ಲಿ ಅದು ರದ್ದು. 1990ರಲ್ಲಿ ಮತ್ತೊಂದು ಕಾಯಿದೆ. ಇವುಗಳಿಗಿಂತ ಹೆಚ್ಚು ಜನರನ್ನು ಮುಟ್ಟಿದ್ದು 1995ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆಲಿಸ್ ವಾಟರ್ಸ್ ಆರಂಭಿಸಿದ ತೋಟವೆಂದು ನಮ್ಮ ಅನಿಸಿಕೆ. ಮಾರ್ಟಿನ್ ಲೂಥರ್ ಕಿಂಗ್ ಮಿಡಲ್ ಸ್ಕೂಲಿನ ಸುಮಾರು ಒಂದು ಎಕರೆ ಡಾಂಬರಿನ ಜಾಗ ಅಲ್ಲಿ ಮತ್ತೆ ಮಣ್ಣಾಯಿತು.

ನಾವು ವೈದ್ಯರು ಈ ಕಥೆಗೆ ತಡವಾಗಿ ಬಂದವರು. 1984ರಲ್ಲಿ ರಾಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ಪೈಕಿ ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು. ಅಂತರ ಒಂದು ದಿನಕ್ಕೂ ಕಡಿಮೆ, ಆದರೂ ಅದು ನಮ್ಮಂಥವರನ್ನು ಯೋಚನೆಗೆ ಹಚ್ಚಿತು. ಮಕ್ಕಳ ವಿಷಯದಲ್ಲಿ ಇನ್ನೂ ಗಟ್ಟಿಯಾದ ಆಧಾರ ಚೀನಾದ ಗ್ವಾಂಗ್‌ಝೌ ನಗರದಿಂದ ಬಂದಿದೆ. ಅಲ್ಲಿಯ 12 ಶಾಲೆಗಳ ಪೈಕಿ ಅರ್ಧದಷ್ಟರಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಪ್ರತಿ ಶಾಲಾದಿನ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆಯುವ ಪಾಠ ಇಟ್ಟರು. ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಶಾಲೆಗಳಲ್ಲಿ ಶೇಕಡ 30.4, ಉಳಿದವುಗಳಲ್ಲಿ ಶೇಕಡ 39.5 ಎಂದು 2015ರಲ್ಲಿ ವರದಿಯಾಯಿತು. ನಮ್ಮ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ವೇದಿಕೆಯ ಮೇಲೆ ಸಾಲಾಗಿ ನಿಂತ ಮಕ್ಕಳ ಕನ್ನಡಕಗಳನ್ನು ಎಣಿಸಿದವರಿಗೆ ಈ ಅಂಕಿ ಒಣ ಅಂಕಿಯಾಗಿ ಕಾಣಲಾರದು. ಹೀಗೆ ಹೇಳುವಾಗ ನಾವೂ ತೋಟಕ್ಕೆ ಹೊಸದೊಂದು ಕೆಲಸ ಹಚ್ಚುತ್ತಿದ್ದೇವೆಂಬ ಅಳುಕು ಇಲ್ಲದಿಲ್ಲ. ನಾಳೆ ಸಮೀಪದೃಷ್ಟಿಗೆ ಒಳ್ಳೆಯ ಔಷಧಿಯೇ ಬಂದರೆ ಆಗ ತೋಟ ಯಾರಿಗೆ ಬೇಕು?

ಕಾರಣಗಳು ಹಾಗಿರಲಿ, ಶಾಲಾ ತೋಟದ ನಿಜವಾದ ಶತ್ರು ರಜೆ. ಕನ್ಹಯ್ಯಾಲಾಲ್ ಮುನ್ಷಿಯವರು 1950ರಲ್ಲಿ ವನಮಹೋತ್ಸವ ಆರಂಭಿಸಿದಂದಿನಿಂದ ನಮ್ಮೂರ ಶಾಲೆಗಳಲ್ಲಿ ಮಳೆಗಾಲದಲ್ಲಿ ಸಸಿ ನೆಡುತ್ತಾರೆ. ಏಪ್ರಿಲ್–ಮೇ ತಿಂಗಳಲ್ಲಿ ನೀರೆರೆಯುವವರಿಲ್ಲದೆ ಅದು ಒಣಗುತ್ತದೆ. ಮುಂದಿನ ವರ್ಷ ಅದೇ ಗುಂಡಿಗೆ ಹೊಸ ಸಸಿ! ಇಲ್ಲಿ ಕಷ್ಟ ತಿರುಗುಮುರುಗು. ಮಕ್ಕಳು ಮೇ ತಿಂಗಳಲ್ಲಿ ನೆಟ್ಟದ್ದು ಫಲ ಬಿಡುವ ಜುಲೈ–ಆಗಸ್ಟಿನಲ್ಲಿ ಶಾಲೆಗೆ ಬೀಗ. ಶಾಲೆಯಿಂದ ‘ಬೇಸಿಗೆಯಲ್ಲಿ ನೀರು ಹಾಕಲು ಯಾರಾದರೂ ಬರುವಿರಾ’ ಎಂಬ ಪತ್ರ ಬರುವ ಹೊತ್ತಿಗೆ ನಾವು ಊರಿಗೆ ಹೊರಡಲು ಸೂಟ್‌ಕೇಸಿನ ತೂಕ ನೋಡುತ್ತಿರುತ್ತೇವೆ.

ಆದರೆ ಅದೇ ಬೇಸಿಗೆಯಲ್ಲಿ ನಮ್ಮಲ್ಲಿ ಅನೇಕರ ಮನೆಗೆ ಊರಿನಿಂದ ತಂದೆತಾಯಿ ಬಂದಿರುತ್ತಾರೆ. ಅವರಲ್ಲಿ ಅವರೆ, ಬದನೆ, ಸೋರೆ ಬೆಳೆದು ಗೊತ್ತಿರುವವರು ಕಡಿಮೆಯಿಲ್ಲ. ಕಾರು ಓಡಿಸಲು ಬಾರದೆ, ಹಗಲೆಲ್ಲ ಟಿ.ವಿ. ಮುಂದೆ ಕುಳಿತು, ಸಂಜೆ ಮಗನೋ ಸೊಸೆಯೋ ಬರುವ ದಾರಿ ಕಾಯುವವರು ಇವರು. ಶಾಲೆಯವರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆದು, ಮೊಮ್ಮಗಳ ಕೈಯಲ್ಲಿ ನೀರಿನ ಕ್ಯಾನು ಕೊಟ್ಟು ಬೆಳಿಗ್ಗೆ ಏಳಕ್ಕೆ ಅಜ್ಜನನ್ನು ಅಲ್ಲಿ ಇಳಿಸಿಬರುವುದು ನಮ್ಮಿಂದಾಗದ ಕೆಲಸವೇನಲ್ಲ. ಪತ್ರಗಳು ಸಾಮಾನ್ಯವಾಗಿ ಏಪ್ರಿಲ್ ಕೊನೆಗೆ ಬರುತ್ತವೆ.