ಬಯಲಲ್ಲಿ ನೆಲೆಯೂರುವ ಬಗೆ: ಕಲ್ಯಾಣ ಮತ್ತು ಹುಮನಾಬಾದ್ ಸೀಮೆಯ ಇತಿಹಾಸ

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ನೀರು ಇಬ್ಭಾಗವಾಗುವ ನೆಲದಲ್ಲಿವೆ. ಈ ದಿಬ್ಬಗಳ ಒಂದು ಮಗ್ಗುಲಿಗೆ ಬಿದ್ದ ಮಳೆ ಕಾರಂಜಾ, ಮಾಂಜ್ರಾಗಳ ಮೂಲಕ ಗೋದಾವರಿ ಸೇರುತ್ತದೆ. ಇನ್ನೊಂದು ಮಗ್ಗುಲಿನದು ಮುಲ್ಲಾಮಾರಿ, ಕಾಗಿಣಾ, ಭೀಮೆಗಳಲ್ಲಿ ಹರಿದು ಕೃಷ್ಣೆಯ ಪಾಲಾಗುತ್ತದೆ. ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ ಬರುತ್ತದೆ. ಅದು ಕಡಿಮೆಯೇನಲ್ಲ, ಆದರೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಎರಡೂ ಕಡೆಗೆ ಇಳಿದುಹೋಗುತ್ತದೆ. ಊರ ಮಗ್ಗುಲಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ, ದಟ್ಟ ಕಾಡೂ ಇಲ್ಲ. ಇಂಥ ಬಯಲಲ್ಲಿ ಜನ ಮೊದಲ ಬೀಡು ಹೂಡಿದ್ದು ಹೇಗೆ, ಅದು ಒಂದು ಸಾಮ್ರಾಜ್ಯದ ರಾಜಧಾನಿಯಾಗುವಷ್ಟು ಬೆಳೆದದ್ದು ಹೇಗೆ ಎಂಬುದಕ್ಕೆ ಈ ಸೀಮೆಯ ಕೆರೆ, ಗವಿ, ಗುಡಿ, ಕೋಟೆಗಳಲ್ಲಿ ಇಂದಿಗೂ ಗುರುತುಗಳಿವೆ.

ಬರಿಗೈಲಿ ಬಂದವರು ಬದುಕು ಕಟ್ಟಿಕೊಳ್ಳುವ ಈ ಕೆಲಸವನ್ನೇ ಇಂದು ಜಗತ್ತಿನ ಮಕ್ಕಳು ಕಂಪ್ಯೂಟರ್ ಮತ್ತು ಮೊಬೈಲ್ ಪರದೆಯ ಮೇಲೆ ಆಟವಾಗಿ ಆಡುತ್ತಾರೆ. ಆ ಬಗೆಯ ಆಟಗಳಲ್ಲಿ ಹೆಚ್ಚು ಹೆಸರಾದದ್ದು ಸ್ವೀಡನ್‌ನ ಮಾರ್ಕಸ್ ಪರ್ಸನ್ 2009ರಲ್ಲಿ ಹೊರತಂದ, 2011ರಲ್ಲಿ ಪೂರ್ಣರೂಪ ಪಡೆದ ಮೈನ್‌ಕ್ರಾಫ್ಟ್. ಆಟಗಾರ ಗುರುತು ಪರಿಚಯವಿಲ್ಲದ ಬಯಲೊಂದರಲ್ಲಿ ಕಣ್ಣು ಬಿಡುತ್ತಾನೆ. ಆಟದ ಹಗಲು ಹತ್ತೇ ನಿಮಿಷದ್ದು. ಕತ್ತಲಾಗುವುದರೊಳಗೆ ಮರ ಕಡಿದು, ಮರದ ಸಲಕರಣೆಯಿಂದ ಕಲ್ಲು ಅಗೆದು, ತಲೆಯ ಮೇಲೊಂದು ಸೂರು ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕತ್ತಲಲ್ಲಿ ಹುಟ್ಟುವ ಪ್ರಾಣಿಗಳು ಮೇಲೆ ಬೀಳುತ್ತವೆ. ಮರ, ಕಲ್ಲು, ಸೂರು, ಅನ್ನ ಎಂಬ ಈ ಕ್ರಮ ಕಾಡಿರುವ ನಾಡಿನ ಕ್ರಮ. ಮೈನ್‌ಕ್ರಾಫ್ಟ್‌ನ ಮೂಲ ಆಟದಲ್ಲಿ ಹಸಿವಿದೆ, ಬಾಯಾರಿಕೆಯಿಲ್ಲ. ಚಿಕ್ಕದೊಂದು ಗುಂಡಿ ತೋಡಿ ಎದುರು ಮೂಲೆಗಳಿಗೆ ಎರಡು ಬಕೆಟ್ ನೀರು ಹೊಯ್ದರೆ ಆ ಗುಂಡಿ ಎಷ್ಟು ಮೊಗೆದರೂ ಬತ್ತುವುದಿಲ್ಲ. ಕಲ್ಯಾಣದ ಬಯಲಲ್ಲಿ ಈ ಕ್ರಮ ತಲೆಕೆಳಗು. ಇಲ್ಲಿ ನೀರು ಮೊದಲು, ಉಳಿದದ್ದೆಲ್ಲ ಆಮೇಲೆ.

ನೀರು ಎಲ್ಲಿ ಸಿಗುತ್ತದೆ ಎಂಬುದನ್ನು ಇಲ್ಲಿನ ಕಲ್ಲೇ ಹೇಳುತ್ತದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಉಕ್ಕಿ ಹರಡಿದ ಲಾವಾ ಗಟ್ಟಿಯಾಗಿ ಕರಿಕಲ್ಲಾಯಿತು. ಎತ್ತರದ ಕಡೆಗಳಲ್ಲಿ ಆ ಕರಿಕಲ್ಲೇ ಗಾಳಿ ಮಳೆಗೆ ಸವೆದು ಕೆಂಪು ಜಂಬಿಟ್ಟಿಗೆಯಾಗಿ ಮಾರ್ಪಟ್ಟಿದೆ. ಬೀದರ್ ಪ್ರಸ್ಥಭೂಮಿಯ ತಲೆಯ ಮೇಲೆ ಟೋಪಿಯಂತೆ ಕುಳಿತಿರುವುದು ಈ ಕೆಂಪು ಪದರ. ಜಂಬಿಟ್ಟಿಗೆಯ ತುಂಬ ಸಣ್ಣ ತೂತುಗಳಿರುವುದರಿಂದ ಅದು ಮಳೆಯನ್ನು ಹೀರಿಕೊಳ್ಳುತ್ತದೆ. ಕೆಳಗಿನ ಕರಿಕಲ್ಲು ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹೀಗಾಗಿ ಎರಡೂ ಕೂಡುವ ಅಂಚಿನಲ್ಲಿ ಬುಗ್ಗೆ ಒಸರುತ್ತದೆ. ಬೀದರಿನ ಝರಣಿ ನರಸಿಂಹನ ಗವಿಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದುಹೋಗುವುದು, ಬಹಮನಿ ಕಾಲದಲ್ಲಿ ನೌಬಾದಿನಲ್ಲಿ ನೆಲದೊಳಗೆ ಸುರಂಗ ಕೊರೆದು ನೀರು ಹರಿಸಿದ್ದು, ಎರಡಕ್ಕೂ ಜಂಬಿಟ್ಟಿಗೆಯ ಈ ಗುಣವೇ ಆಧಾರ. ಅಂಥ ಬುಗ್ಗೆ ಸಿಗದ ಕಡೆ ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ಕೆರೆ ಕಟ್ಟಬೇಕು, ಇಲ್ಲವೇ ಕರಿಕಲ್ಲನ್ನು ಒಡೆದು ಬಾವಿ ತೋಡಬೇಕು. ಬಸವಕಲ್ಯಾಣದ ತ್ರಿಪುರಾಂತಕ ಕೆರೆ ಊರಿನ ಹಳೆಯ ಬದುಕಿನ ನಡುಗಂಬವಿದ್ದಂತೆ. ಶರಣರ ಹೆಸರಿನ ಹಲವು ತಾಣಗಳು ಅದರ ಸುತ್ತಮುತ್ತಲೇ ಇವೆ.

ಮಾನ್ಯಖೇಟದಲ್ಲಿದ್ದ ಚಾಲುಕ್ಯರ ರಾಜಧಾನಿಯನ್ನು ಕಲ್ಯಾಣಕ್ಕೆ ತಂದವನು 1042ರಿಂದ 1068ರವರೆಗೆ ಆಳಿದ ಒಂದನೆಯ ಸೋಮೇಶ್ವರ. ರಾಷ್ಟ್ರಕೂಟರ ಕಾಲದಲ್ಲಿ, 972ರಲ್ಲಿ, ಪರಮಾರರು ಮಾನ್ಯಖೇಟವನ್ನು ಸೂರೆ ಮಾಡಿದ್ದರು. ಆದರೆ ಹೊಸ ಜಾಗವೂ ಬೇಗ ಪೆಟ್ಟು ತಿಂದಿತು. ಚೋಳ ರಾಜಾಧಿರಾಜ ಕಲ್ಯಾಣಕ್ಕೆ ಬೆಂಕಿಯಿಟ್ಟು ಇಲ್ಲಿಂದ ಒಂದು ದ್ವಾರಪಾಲಕ ವಿಗ್ರಹವನ್ನು ಹೊತ್ತೊಯ್ದ. ಅದರ ಪೀಠದ ಮೇಲೆ ಆ ಸಂಗತಿಯನ್ನು ತಮಿಳಿನಲ್ಲಿ ಕೆತ್ತಿಸಿದ. ವಿಗ್ರಹ ಈಗ ತಂಜಾವೂರಿನ ಕಲಾ ಸಂಗ್ರಹಾಲಯದಲ್ಲಿದೆ. ಕಲ್ಯಾಣದ ಬಾಗಿಲು ಕಾಯಬೇಕಾದವನು ಸುಮಾರು ಸಾವಿರ ವರ್ಷದಿಂದ ಪರವೂರಿನಲ್ಲಿ ನಿಂತಿದ್ದಾನೆ. ಸುಟ್ಟ ಊರು ಮತ್ತೆ ಎದ್ದು ನಿಂತಿತು. ಆರನೆಯ ವಿಕ್ರಮಾದಿತ್ಯನ ಐವತ್ತು ವರ್ಷಗಳ ಆಳ್ವಿಕೆಯಲ್ಲಿ (1076–1126) ಕಾಶ್ಮೀರದಿಂದ ಬಂದ ಕವಿ ಬಿಲ್ಹಣ, ಮಿತಾಕ್ಷರವೆಂಬ ಧರ್ಮಶಾಸ್ತ್ರ ಗ್ರಂಥ ಬರೆದ ವಿಜ್ಞಾನೇಶ್ವರ ಇಬ್ಬರೂ ಈ ಊರಿನ ಆಶ್ರಯದಲ್ಲಿದ್ದರು.

ಗುಡಿಗಳಿಗೆ ಕರಿಕಲ್ಲು ಬಂತು. ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರ ಮತ್ತು ಉಮಾಪುರದ ಗುಡಿಗಳು, ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಗುಡಿ ಆ ಕಾಲದವು. ಜಲಸಂಗ್ವಿಯ ಹೊರಗೋಡೆಯ ಮೇಲೆ ಮೈ ಬಳುಕಿಸಿ ನಿಂತ ಹೆಣ್ಣೊಬ್ಬಳು ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದು ವಿಕ್ರಮಾದಿತ್ಯನ ಹೊಗಳಿಕೆ. ಹೊಟ್ಟೆ ಬಟ್ಟೆಯ ಚಿಂತೆ ಕಳೆದ ಮೇಲೆ ಮಾತ್ರ ಕಲ್ಲಿಗೆ ಇಂಥ ಕೈ ಬೀಳಲು ಸಾಧ್ಯ.

ಸಾಮಾನ್ಯರಿಗೆ ಮನೆಗೆಂದು ಅಷ್ಟು ಗಟ್ಟಿ ಕಲ್ಲನ್ನು ಕೆತ್ತಿಸುವ ಶಕ್ತಿ ಇರಲಿಲ್ಲ. ಅವರಿಗೆ ಒದಗಿದ್ದು ಒಡೆದ ಕಲ್ಲು, ಮಣ್ಣು ಮತ್ತು ಜಂಬಿಟ್ಟಿಗೆ. ನೆಲದಿಂದ ಆಗತಾನೆ ತೆಗೆದ ಜಂಬಿಟ್ಟಿಗೆ ಮೆತ್ತಗಿರುತ್ತದೆ, ಕೊಡಲಿಯಂಥ ಹತಾರದಿಂದಲೂ ಚೌಕವಾಗಿ ಕಡಿಯಬಹುದು. ಗಾಳಿ ಬಿಸಿಲಿಗೆ ಬಿಟ್ಟರೆ ಗಡುಸಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಕಂಡ ಇಂಥ ಕಲ್ಲಿಗೆ 1807ರಲ್ಲಿ ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥದ ‘ಲ್ಯಾಟರೈಟ್’ ಎಂಬ ಹೆಸರಿಟ್ಟ. ಪರದೆಯ ಆಟದಲ್ಲಿ ನೆಲವೆಲ್ಲ ಒಂದೇ ಅಳತೆಯ ಚೌಕಗಳಾಗಿ ಏಳುವುದನ್ನು ಕಂಡವರಿಗೆ ಜಂಬಿಟ್ಟಿಗೆಯ ಗಣಿ ಹೊಸದೆನಿಸದು. ಗೋಡೆ ಎದ್ದ ಮೇಲೆ ತೊಲೆ, ಅದರ ಮೇಲೆ ಜಂತಿ, ಸೊಪ್ಪು ಸದೆಯ ಹಾಸು, ಎಲ್ಲಕ್ಕೂ ಮೇಲೆ ಮಳೆ ನೀರು ಇಳಿಯದ ಮಣ್ಣನ್ನು ದಪ್ಪವಾಗಿ ಹರಡಿ ಬಡಿದರೆ ಮಾಳಿಗೆ ಸಿದ್ಧ. ಮರ ದುಬಾರಿಯಾದ ನಾಡಿನಲ್ಲಿ ಕಡಿಮೆ ಮರದಿಂದ ಆಗುವ ಸೂರು ಇದು. ಬೇಸಿಗೆಯಲ್ಲಿ ಒಳಗೆ ತಂಪು, ಮೇಲೆ ಕಾಳು ಒಣಗಿಸಲು ಕಣ, ರಾತ್ರಿ ಮಲಗಲು ಜಾಗ.

ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ಅಧಿಕಾರ ಕಳಚುರಿ ಬಿಜ್ಜಳನ ಕೈಗೆ ಹೋಯಿತು. ಬಸವಣ್ಣ ಕಲ್ಯಾಣದಲ್ಲಿದ್ದ ಆ ವರ್ಷಗಳಲ್ಲಿ ಇಲ್ಲಿ ಸೇರಿದವರ ಹೆಸರುಗಳೇ ಒಂದು ಊರು ನಿಲ್ಲಲು ಏನೇನು ಬೇಕೆಂಬುದನ್ನು ಹೇಳುತ್ತವೆ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಸೌದೆ ಹೊರುವ ಮೋಳಿಗೆಯ ಮಾರಯ್ಯ, ಬಿದಿರು ಹೆಣೆಯುವ ಮೇದರ ಕೇತಯ್ಯ, ತೊಗಲು ಹದ ಮಾಡುವ ಡೋಹರ ಕಕ್ಕಯ್ಯ, ಕೆರ ಹೊಲಿಯುವ ಹರಳಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಿದೇವ. ಆಟದಲ್ಲಿ ಒಬ್ಬನೇ ಎಲ್ಲ ಸಲಕರಣೆಯನ್ನೂ ಮಾಡಿಕೊಳ್ಳುತ್ತಾನೆ. ನಿಜವಾದ ಊರಿನಲ್ಲಿ ಒಂದು ಕೊಡ ನೀರು ಬಾವಿಯಿಂದ ಮೇಲೆ ಬರಲು ಹಗ್ಗದವನು ಬೇಕು, ಹೊಲಕ್ಕೆ ನೀರೆತ್ತುವ ತೊಗಲಿನ ಚೀಲಕ್ಕೆ ಹದ ಮಾಡುವವನು ಬೇಕು. ಚಂದಯ್ಯ ಕೆರೆಯ ಹುಲ್ಲು ಕೊಯ್ದು ಹಗ್ಗ ಮಾಡುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಅವನ ಹೆಸರಿನ ಗವಿ ಬಸವಕಲ್ಯಾಣದಲ್ಲಿದೆ. ಕೆರೆ ಮೊದಲು ನೀರು ಕೊಟ್ಟಿತು, ಆ ನೀರಿನಂಚಿನಲ್ಲಿ ಬೆಳೆದ ಹುಲ್ಲು ನೀರೆತ್ತುವ ಹಗ್ಗವನ್ನೂ ಕೊಟ್ಟಿತು.

ಮಾರಯ್ಯನ ಸೌದೆಯ ಹೊರೆಗೂ ಈ ನೆಲದಲ್ಲಿ ವಿಶೇಷ ಬೆಲೆಯಿದೆ. ಕಾಡು ತೆಳುವಾದ ಸೀಮೆಯಲ್ಲಿ ಉರುವಲು ದೂರದಿಂದ ಬರಬೇಕು. ಮುಂದೆ ಬಹುಪಾಲು ಮನೆಗಳ ಒಲೆ ಉರಿದದ್ದು ಕುಳ್ಳಿನಿಂದ ಮತ್ತು ತೊಗರಿ ಕಟ್ಟಿಗೆಯಿಂದ. ಹೊಲ ಬೇಳೆಯನ್ನೂ ಕೊಟ್ಟಿತು, ಅದನ್ನು ಬೇಯಿಸುವ ಬೆಂಕಿಯನ್ನೂ ಕೊಟ್ಟಿತು. ಹುಮನಾಬಾದ್ ತಾಲ್ಲೂಕಿನ ಮೊಳಕೇರಾ ಗ್ರಾಮ ಮೋಳಿಗೆಯ ಮಾರಯ್ಯನ ನೆನಪನ್ನು ಉಳಿಸಿಕೊಂಡಿದೆ.

ಕೂಡಿಡುವುದಕ್ಕೆ ಮಿತಿ ಹಾಕಿದ ಕಥೆಯೂ ಇದೇ ಊರಿನದು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಎಲ್ಲಿಂದ ತಂದನೋ ಅಲ್ಲೇ ಸುರಿದು ಬರಲು ಹೇಳಿದಳು. ಪೆಟ್ಟಿಗೆಗಳು ತುಂಬಿದಷ್ಟೂ ಗೆಲುವೆಂದು ಎಣಿಸುವ ಆಟಗಳಲ್ಲಿ ಈ ನಡೆಗೆ ಜಾಗವಿಲ್ಲ. ಕಲ್ಯಾಣದ ಇತಿಹಾಸದಲ್ಲಿ ಅರಮನೆಯ ಯಾವ ಸುದ್ದಿಗಿಂತಲೂ ಲಕ್ಕಮ್ಮನ ಈ ಮಾತು ದೊಡ್ಡದು.

ಬರಗಾಲಕ್ಕೆಂದು ಕೂಡಿಡುವುದು ಬೇರೆಯ ಮಾತು. ಉತ್ತರ ಕರ್ನಾಟಕದ ಜೋಳದ ಸೀಮೆಗಳು ಅದಕ್ಕೆ ಕಂಡುಕೊಂಡ ದಾರಿ ಹಗೇವು, ಅಂದರೆ ಕಾಳು ಕೂಡಿಡಲು ನೆಲದಲ್ಲಿ ತೋಡುವ ಗುಂಡಿ. ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಹಗೇವಿಗೆ ಎತ್ತರದ ಗಟ್ಟಿ ಗರಸು ನೆಲವೇ ಆಗಬೇಕು. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತಲೂ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಹೊದಿಸಿ ಮಣ್ಣು ಮೆತ್ತುತ್ತಾರೆ. ಒಳಗಿನ ಕಾಳು ಉಸಿರಾಡಿ ಗಾಳಿಯಲ್ಲಿನ ಆಮ್ಲಜನಕವನ್ನು ಮುಗಿಸಿಬಿಡುತ್ತದೆ. ಆಮೇಲೆ ಹುಳು ಬದುಕಲಾರದು. ತೆರೆಯುವಾಗ ಮನುಷ್ಯನಿಗೂ ಅದೇ ಅಪಾಯ. ಅದಕ್ಕೆ ಬಾಯಿ ತೆಗೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಾರೆ. ದೀಪ ಆರಿದರೆ ಯಾರೂ ಒಳಗಿಳಿಯುವಂತಿಲ್ಲ. ಮೇಲೆ ನಡೆದುಹೋಗುವವರಿಗೆ ನೆಲದಡಿ ಕಾಳಿರುವ ಗುರುತೇ ಸಿಗದಿರುವುದು ದಂಡುಗಳು ಹಾಯುವ ದಾರಿಯ ಊರುಗಳಿಗೆ ಇನ್ನೊಂದು ಅನುಕೂಲ. 1396ರಲ್ಲಿ ಆರಂಭವಾದ ದುರ್ಗಾದೇವಿ ಬರ ವರ್ಷಗಟ್ಟಲೆ ದಖ್ಖನ್ನನ್ನು ಕಾಡಿತು. ಬರ ಬಂದಾಗ ಬಹಮನಿ ಸುಲ್ತಾನನೊಬ್ಬ ಸಾವಿರಾರು ಎತ್ತುಗಳ ಮೇಲೆ ಗುಜರಾತ್ ಮತ್ತು ಮಾಳವದಿಂದ ಧಾನ್ಯ ತರಿಸಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ.

ಬಿಜ್ಜಳನ ಕೊಲೆಯ ನಂತರ ಶರಣರು ಚದುರಿದರು, ಚಾಲುಕ್ಯರ ಕೊನೆಯ ದೊರೆಗಳ ಕಾಲಕ್ಕೆ ಕಲ್ಯಾಣ ಮಂಕಾಯಿತು. ಆಮೇಲಿನ ಶತಮಾನಗಳಲ್ಲಿ ಅದು ಕೋಟೆಯ ಊರಾಗಿ ಉಳಿಯಿತು. ಬಹಮನಿ, ಬಿಜಾಪುರ, ವಿಜಯನಗರದ ಸೇನೆಗಳೆಲ್ಲ ಅದಕ್ಕಾಗಿ ಹೋರಾಡಿದವು. 1657ರ ಮಾರ್ಚ್‌ನಲ್ಲಿ ಬೀದರ್ ಗೆದ್ದ ಔರಂಗಜೇಬ ಮೇ ತಿಂಗಳಲ್ಲಿ ಕಲ್ಯಾಣಕ್ಕೆ ಮುತ್ತಿಗೆ ಹಾಕಿದ. ಮೊಗಲರು ಕಂದಕವನ್ನು ಮುಳ್ಳುಕಂಟಿಗಳಿಂದ ತುಂಬಿಸಿದರು. ಕೋಟೆಯ ಕಾವಲು ಹೊತ್ತಿದ್ದ ದಿಲಾವರನ ಕಡೆಯವರು ಮೇಲಿನಿಂದ ಉರಿಯುವ ಹುಲ್ಲು, ಮದ್ದು ಎಸೆದು ಅದನ್ನು ಬೂದಿ ಮಾಡಿದರು. ಕಡೆಗೆ ಕಂದಕ ತುಂಬಿದ್ದು ಸುಡಲಾಗದ ಕಲ್ಲು ಮಣ್ಣಿನಿಂದ. ಆಗಸ್ಟ್ ಮೊದಲಲ್ಲಿ ಕೋಟೆ ಬಿತ್ತು. ಮುಂದೆ ಅದು ನಿಜಾಮರ ಸೀಮೆಗೆ ಸೇರಿ, 1948ರಲ್ಲಿ ಭಾರತದೊಳಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದು ಬಸವಕಲ್ಯಾಣವೆಂಬ ಹೆಸರು ಪಡೆಯಿತು.

ಬಯಲಲ್ಲಿ ಹೊಸದಾಗಿ ಊರೊಂದು ಹುಟ್ಟಿದ ತೀರ ಈಚಿನ ಉದಾಹರಣೆ ಹುಮನಾಬಾದಿನ ಪಕ್ಕದ ಮಾಣಿಕನಗರ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಸಂತ ಮಾಣಿಕ ಪ್ರಭುಗಳು ಊರೂರು ಸುತ್ತಿ 1845ರಲ್ಲಿ ನೆಲೆ ನಿಂತದ್ದು ಇಲ್ಲಿ. ಅವರು ಆರಿಸಿಕೊಂಡ ಜಾಗದಲ್ಲಿ ಗುರುಗಂಗಾ ಮತ್ತು ವಿರಜಾ ಎಂಬ ಎರಡು ಸಣ್ಣ ಹಳ್ಳಗಳು ಕೂಡುತ್ತವೆ. ನೀರು ನೋಡಿ ಬೀಡು ಬಿಡುವ ಹಳೆಯ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲೂ ತಪ್ಪಲಿಲ್ಲ. 1865ರಲ್ಲಿ ಅವರು ಸಮಾಧಿಯಾಗುವ ಹೊತ್ತಿಗೆ ಅಲ್ಲೊಂದು ಊರೇ ಬೆಳೆದಿತ್ತು.

ನೆಲೆಯೂರುವ ಕ್ರಮವನ್ನು ಗ್ರಂಥವಾಗಿ ಬರೆದಿಟ್ಟವನೂ ಕಲ್ಯಾಣದ ದೊರೆಯೇ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ. ಮೊದಲು ರಾಜ್ಯ ಪಡೆಯುವುದು, ಅನಂತರ ಅದನ್ನು ಗಟ್ಟಿಗೊಳಿಸುವುದು, ಮೂರನೆಯದು ಮನೆ, ಊಟ, ಕುಡಿಯುವ ನೀರು ಮೊದಲಾದ ಭೋಗಗಳು, ನಾಲ್ಕನೆಯದು ವಿನೋದ, ಕೊನೆಯದು ಆಟ. ಕೋಟೆಯ ಮಾತು ಬಂದಾಗ ನೀರು, ಬೆಟ್ಟ, ಕಲ್ಲು, ಇಟ್ಟಿಗೆ, ಮಣ್ಣು, ಕಾಡು, ಮರುಭೂಮಿ, ಮರ, ಮನುಷ್ಯ ಎಂದು ಒಂಬತ್ತು ಬಗೆಯ ದುರ್ಗಗಳನ್ನು ಅದು ಎಣಿಸುತ್ತದೆ. ಕೈಗೆ ಸಿಕ್ಕಿದ ಯಾವುದರಿಂದಲೂ ರಕ್ಷಣೆ ಕಟ್ಟಿಕೊಳ್ಳಬಹುದು, ಏನೂ ಇಲ್ಲದಿದ್ದರೆ ಜನರೇ ಗೋಡೆ ಎಂಬುದು ಆ ಪಟ್ಟಿಯ ಅರ್ಥ.

ಐದನೆಯ ಭಾಗದ ಇಪ್ಪತ್ತು ಆಟಗಳಲ್ಲಿ ಚದುರಂಗ, ಪಗಡೆ, ಒಗಟುಗಳ ಜೊತೆಗೆ ಗುಡ್ಡದ ಆಟ, ವನದ ಆಟ, ಪೈರಿನ ಆಟ, ಕತ್ತಲೆಯ ಆಟ, ವಾಲುಕಾಕ್ರೀಡೆ ಎಂಬ ಮರಳಿನ ಆಟವೂ ಸೇರಿವೆ. ಗುಡ್ಡ, ಕಾಡು, ಪೈರು, ಮರಳು, ಕತ್ತಲು: ಪರದೆಯ ಆಟ ಕಟ್ಟಿರುವುದೂ ಇದೇ ಸಾಮಗ್ರಿಯಿಂದ. ರಾಜನ ಗ್ರಂಥವನ್ನು ಓದದ ಹಳ್ಳಿಯ ಮಕ್ಕಳೂ ಈ ಆಟಗಳನ್ನು ಬಲ್ಲರು. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆ ಮಣ್ಣು ಕಲಸಿ ಎತ್ತು ಮಾಡಿ, ಅದರ ಮುಂದೆ ಗ್ವಾದಲಿ ಕಟ್ಟುತ್ತಾರೆ. ಹಳ್ಳದ ದಂಡೆಯಲ್ಲಿ ಪಾದದ ಮೇಲೆ ಮರಳು ಗುಡ್ಡೆ ಹಾಕಿ, ತಟ್ಟಿ, ಮೆಲ್ಲಗೆ ಕಾಲು ಹಿಂದೆಳೆದು ಗುಬ್ಬಿಗೂಡು ಮಾಡುತ್ತಾರೆ. ಒಣ ಮರಳಿನಲ್ಲಿ ಗೂಡು ನಿಲ್ಲುವುದಿಲ್ಲ. ಅದಕ್ಕೆ ಮಕ್ಕಳು ಮೊದಲು ಹಳ್ಳಕ್ಕಿಳಿದು ಬೊಗಸೆಯಲ್ಲಿ ನೀರು ತರುತ್ತಾರೆ.