ಪರ್ಕಳ ಪರಿಸರದ ಶಾಲೆಗಳು ಹಾಗೂ ಯುವಜನರಿಗೆ ಪ್ರಾಯೋಗಿಕ ವಿಜ್ಞಾನ ಮತ್ತು ತಂತ್ರಜ್ಞಾನದ ಅವಕಾಶಗಳು

ಪೀಠಿಕೆ

ಪಠ್ಯಪುಸ್ತಕದಲ್ಲಿ ಓದಿದ ವಿಜ್ಞಾನವನ್ನು ಸ್ವತಃ ಮಾಡಿ ನೋಡುವ ಅವಕಾಶವನ್ನು ಶಾಲಾ ಮಕ್ಕಳಿಗೆ ಒದಗಿಸುವ ಸಲುವಾಗಿ ಕೇಂದ್ರ ಹಾಗೂ ರಾಜ್ಯ ಮಟ್ಟದಲ್ಲಿ ಹಲವು ಕಾರ್ಯಕ್ರಮಗಳು ಜಾರಿಯಲ್ಲಿವೆ. ಇವುಗಳ ಪೈಕಿ ಹೆಚ್ಚಿನವುಗಳಿಗೆ ಯಾವುದೇ ಶುಲ್ಕವಿರುವುದಿಲ್ಲ. ಉಡುಪಿ ನಗರಸಭೆಯ ವ್ಯಾಪ್ತಿಗೆ ಸೇರಿದ ಪರ್ಕಳ ಹಾಗೂ ಅದರ ಆಸುಪಾಸಿನ ಗ್ರಾಮಗಳ ಪೋಷಕರು, ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯ ಸದಸ್ಯರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಇಲ್ಲಿ ಕ್ರೋಡೀಕರಿಸಲಾಗಿದೆ.

ಈ ಜಿಲ್ಲೆಗೆ ವಿಜ್ಞಾನ ಕ್ಷೇತ್ರದಲ್ಲಿ ಹೆಮ್ಮೆಯ ಪರಂಪರೆಯಿದೆ. ಭಾರತದ ಪ್ರಥಮ ಉಪಗ್ರಹವಾದ ಆರ್ಯಭಟದ ನಿರ್ಮಾಣದ ನೇತೃತ್ವ ವಹಿಸಿದ್ದ ಪ್ರೊ. ಯು.ಆರ್. ರಾವ್ ಅವರು 1932ರಲ್ಲಿ ಅದಮಾರಿನಲ್ಲಿ ಜನಿಸಿ, ಉಡುಪಿಯ ಕ್ರಿಶ್ಚಿಯನ್ ಪ್ರೌಢಶಾಲೆಯಲ್ಲಿ ವ್ಯಾಸಂಗ ಮಾಡಿದವರು. 1975ರ ಏಪ್ರಿಲ್ 19ರಂದು ಆರ್ಯಭಟ ಕಕ್ಷೆ ಸೇರಿತು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಅವರ ಹೆಸರನ್ನೇ ಇಡಲಾಯಿತು. ಸಾಮಾನ್ಯ ಶಾಲೆಯಲ್ಲಿ ಕಲಿತ ಮಗುವಿಗೂ ಸಕಾಲದಲ್ಲಿ ಅವಕಾಶ ದೊರೆತಲ್ಲಿ ಎಷ್ಟು ಎತ್ತರಕ್ಕೆ ಏರಬಹುದು ಎಂಬುದಕ್ಕೆ ಇದು ನಿದರ್ಶನ.

1. ಮೊದಲು ಗಮನಿಸಬೇಕಾದ ಅಂಶ

ಬಹುತೇಕ ಕಾರ್ಯಕ್ರಮಗಳಿಗೆ ವಿದ್ಯಾರ್ಥಿಯಾಗಲಿ ಪೋಷಕರಾಗಲಿ ನೇರವಾಗಿ ಅರ್ಜಿ ಸಲ್ಲಿಸಲು ಬರುವುದಿಲ್ಲ. ಶಾಲೆಯು ನೋಂದಣಿಯಾಗಿ, ಮುಖ್ಯೋಪಾಧ್ಯಾಯರು ವಿದ್ಯಾರ್ಥಿಯ ಹೆಸರನ್ನು ನಾಮನಿರ್ದೇಶನ ಮಾಡಬೇಕಾಗುತ್ತದೆ. ಮಗುವಿನಲ್ಲಿ ಉತ್ತಮ ಆಲೋಚನೆಯಿದ್ದರೂ ಶಾಲೆಯು ನಿಗದಿತ ದಿನಾಂಕದೊಳಗೆ ಹೆಸರು ಕಳುಹಿಸದಿದ್ದರೆ ಆ ವರ್ಷದ ಅವಕಾಶ ಕೈತಪ್ಪುತ್ತದೆ. ವಯೋಮಿತಿ ಅಥವಾ ತರಗತಿಯ ಮಿತಿ ಇರುವ ಕಾರಣ ಮುಂದಿನ ವರ್ಷ ಅದೇ ಅವಕಾಶ ಪುನಃ ದೊರೆಯುವುದೆಂಬ ಖಾತರಿಯಿಲ್ಲ.

ಆದುದರಿಂದ ಪೋಷಕರು ಶೈಕ್ಷಣಿಕ ವರ್ಷದ ಆರಂಭದಲ್ಲಿಯೇ, ಅಂದರೆ ಜೂನ್ ತಿಂಗಳಲ್ಲಿ, ಶಾಲೆಗೆ ಭೇಟಿ ನೀಡಿ ಈ ಕೆಳಕಂಡ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದುಕೊಳ್ಳುವುದು ಸೂಕ್ತ.

ಅ) ನಮ್ಮ ಶಾಲೆಯು ಇನ್‌ಸ್ಪೈರ್ ಪ್ರಶಸ್ತಿಯ ಜಾಲತಾಣದಲ್ಲಿ ನೋಂದಣಿಯಾಗಿದೆಯೇ?
ಆ) ವಿಜ್ಞಾನ ಸಂಘದ ಮಾರ್ಗದರ್ಶಿ ಶಿಕ್ಷಕರು ಯಾರು?
ಇ) ಮಕ್ಕಳ ಆಲೋಚನೆಗಳನ್ನು ಯಾವ ದಿನಾಂಕದೊಳಗೆ ಶಾಲೆಗೆ ಬರೆದುಕೊಡಬೇಕು?

2. ಇನ್‌ಸ್ಪೈರ್ ಪ್ರಶಸ್ತಿ – ಮಾನಕ್

ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಸಹಯೋಗದಲ್ಲಿ ಈ ಯೋಜನೆಯನ್ನು ನಡೆಸುತ್ತಿದೆ.

ಅರ್ಹತೆ: ಮೊದಲಿಗೆ 6ರಿಂದ 10ನೇ ತರಗತಿಯಲ್ಲಿ ಓದುತ್ತಿರುವ ವಿದ್ಯಾರ್ಥಿಗಳಿಗಾಗಿ ಈ ಯೋಜನೆ ರೂಪುಗೊಂಡಿತ್ತು. ಸರ್ಕಾರಿ, ಅನುದಾನಿತ ಹಾಗೂ ಖಾಸಗಿ ಶಾಲೆಗಳೆಲ್ಲವೂ ಭಾಗವಹಿಸಬಹುದು. ಆಯಾ ವರ್ಷದ ತರಗತಿ ಮತ್ತು ವಯೋಮಿತಿಯನ್ನು ಅದೇ ವರ್ಷದ ಸುತ್ತೋಲೆಯಲ್ಲಿ ನೋಡಿಕೊಳ್ಳತಕ್ಕದ್ದು.

ನಾಮನಿರ್ದೇಶನದ ವಿಧಾನ: ಶಾಲೆಯಲ್ಲಿ ಆಲೋಚನಾ ಸ್ಪರ್ಧೆಯನ್ನು ಏರ್ಪಡಿಸಿ, ಉತ್ತಮವಾದ ಆಲೋಚನೆಗಳನ್ನು ಮುಖ್ಯೋಪಾಧ್ಯಾಯರು ಜಾಲತಾಣದ ಮೂಲಕ ಸಲ್ಲಿಸುತ್ತಾರೆ. ಆಲೋಚನೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಇಂಗ್ಲಿಷ್ ಬಾರದೆಂಬ ಕಾರಣಕ್ಕೆ ಯಾವ ಮಗುವೂ ಹಿಂಜರಿಯಬೇಕಾಗಿಲ್ಲ.

ಸೌಲಭ್ಯ: ಆಯ್ಕೆಯಾದ ಪ್ರತಿ ವಿದ್ಯಾರ್ಥಿಗೆ ಮಾದರಿಯನ್ನು ಸಿದ್ಧಪಡಿಸಲು ರೂ. 10,000 ಅನ್ನು ಬ್ಯಾಂಕ್ ಖಾತೆಗೆ ನೇರವಾಗಿ ಜಮಾ ಮಾಡಲಾಗುತ್ತದೆ. ಆದ ಕಾರಣ ಬ್ಯಾಂಕ್ ಖಾತೆಯನ್ನು ಮುಂಚಿತವಾಗಿ ತೆರೆದು, ದಾಖಲೆಗಳಲ್ಲಿನ ಹೆಸರು ಪರಸ್ಪರ ತಾಳೆಯಾಗುವಂತೆ ನೋಡಿಕೊಳ್ಳಬೇಕು.

ಆಯ್ಕೆಯ ಹಂತಗಳು: ದೇಶದಾದ್ಯಂತ 10 ಲಕ್ಷ ಆಲೋಚನೆಗಳನ್ನು ಆಹ್ವಾನಿಸಿ, ಅವುಗಳಲ್ಲಿ 1 ಲಕ್ಷವನ್ನು ಜಿಲ್ಲಾ ಪ್ರದರ್ಶನಕ್ಕೆ, 10,000ವನ್ನು ರಾಜ್ಯ ಮಟ್ಟಕ್ಕೆ, 1,000ವನ್ನು ರಾಷ್ಟ್ರ ಮಟ್ಟಕ್ಕೆ ಆಯ್ಕೆ ಮಾಡಿ, ಅಂತಿಮವಾಗಿ 60 ಆವಿಷ್ಕಾರಗಳನ್ನು ಗುರುತಿಸುವುದು ಯೋಜನೆಯ ವಿನ್ಯಾಸವಾಗಿದೆ.

ಆಲೋಚನೆ ಹೇಗಿರಬೇಕು: ಆಲೋಚನೆಯು ಮಗುವಿನದೇ ಆಗಿರಬೇಕು. ಜ್ವಾಲಾಮುಖಿ, ಪವನ ಯಂತ್ರ, ಜಲವಿದ್ಯುತ್ ಸ್ಥಾವರ ಮುಂತಾದ ಸಿದ್ಧ ಮಾದರಿಗಳು ಹೊಸ ಆಲೋಚನೆಯೆಂದು ಪರಿಗಣಿತವಾಗುವುದಿಲ್ಲ. ಮನೆ, ಗದ್ದೆ, ತೋಟ, ಅಂಗಡಿ, ಮೀನುಗಾರಿಕೆ ಮುಂತಾದೆಡೆ ಮಗು ಕಣ್ಣಾರೆ ಕಂಡ ತೊಂದರೆಯಿಂದ ಆರಂಭಿಸುವುದು ಉತ್ತಮ. ಉದಾಹರಣೆಗೆ, ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ. ಆದರೂ ಮುರಕಲ್ಲಿನ ಎತ್ತರದ ಜಾಗಗಳಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಾವಿಗಳು ಬತ್ತುವುದುಂಟು. ಇದೇಕೆ, ಇದಕ್ಕೇನು ಮಾಡಬಹುದು ಎಂದು ಕೇಳುವ ಮಗುವಿನಲ್ಲಿ ಒಂದು ಯೋಜನೆ ಆಗಲೇ ಹುಟ್ಟಿದೆ ಎಂದು ತಿಳಿಯಬಹುದು. ಪೋಷಕರು ಮತ್ತು ಶಿಕ್ಷಕರು ಪ್ರಶ್ನೆಗಳ ಮೂಲಕ ನೆರವಾಗಬೇಕೇ ವಿನಾ ತಾವೇ ಮಾದರಿಯನ್ನು ಮಾಡಿಕೊಡಬಾರದು.

3. ಇಸ್ರೋ ಸಂಸ್ಥೆಯ ಯುವ ವಿಜ್ಞಾನಿ ಕಾರ್ಯಕ್ರಮ (ಯುವಿಕಾ)

9ನೇ ತರಗತಿಯ ವಿದ್ಯಾರ್ಥಿಗಳಿಗಾಗಿ 2019ರಲ್ಲಿ ಆರಂಭವಾದ ಈ ವಸತಿ ಶಿಬಿರವು ಬೇಸಿಗೆ ರಜೆಯಲ್ಲಿ ಸುಮಾರು ಎರಡು ವಾರಗಳ ಕಾಲ ಇಸ್ರೋ ಕೇಂದ್ರಗಳಲ್ಲಿ ನಡೆಯುತ್ತದೆ. ವಿಜ್ಞಾನಿಗಳೊಂದಿಗೆ ಸಂವಾದ, ಪ್ರಯೋಗಾಲಯಗಳ ಭೇಟಿ ಹಾಗೂ ಪ್ರಾಯೋಗಿಕ ಚಟುವಟಿಕೆಗಳು ಇದರಲ್ಲಿ ಸೇರಿವೆ. ಆಯ್ಕೆಯಾದವರ ವಸತಿ ಮತ್ತು ಊಟದ ವೆಚ್ಚವನ್ನು ಇಸ್ರೋ ಭರಿಸುತ್ತದೆ.

ಇದಕ್ಕೆ ವಿದ್ಯಾರ್ಥಿಯೇ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕಾಗಿದ್ದು, ಶಾಲಾ ಮುಖ್ಯಸ್ಥರು ದೃಢೀಕರಿಸಿದ ಪ್ರಮಾಣಪತ್ರಗಳು ಅಗತ್ಯ. ಇತ್ತೀಚಿನ ಪ್ರಕಟಣೆಗಳಲ್ಲಿ ಆಯ್ಕೆಗೆ ಅಂಕಗಳನ್ನು ಈ ಕೆಳಕಂಡಂತೆ ಹಂಚಲಾಗಿದೆ.

• 8ನೇ ತರಗತಿಯ ಅಂಕಗಳು: ಶೇ. 50
• ಗ್ರಾಮ ಪಂಚಾಯತ್ ಪ್ರದೇಶದ ಶಾಲೆಯಲ್ಲಿ ವ್ಯಾಸಂಗ: ಶೇ. 15
• ಆನ್‌ಲೈನ್ ರಸಪ್ರಶ್ನೆ: ಶೇ. 10
• ವಿಜ್ಞಾನ ಮೇಳಗಳಲ್ಲಿ ಭಾಗವಹಿಸುವಿಕೆ: ಮಟ್ಟವನ್ನು ಅವಲಂಬಿಸಿ ಗರಿಷ್ಠ ಶೇ. 10
• ಒಲಿಂಪಿಯಾಡ್ ಅಥವಾ ತತ್ಸಮಾನ ಬಹುಮಾನ: ಗರಿಷ್ಠ ಶೇ. 5
• ಕ್ರೀಡಾ ಬಹುಮಾನ: ಗರಿಷ್ಠ ಶೇ. 5
• ಸ್ಕೌಟ್ಸ್ ಮತ್ತು ಗೈಡ್ಸ್, ಎನ್.ಸಿ.ಸಿ. ಅಥವಾ ಎನ್.ಎಸ್.ಎಸ್. ಸದಸ್ಯತ್ವ: ಶೇ. 5

ಪರ್ಕಳದವರು ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಪರಿಗಣಿಸಲಾಗುವುದು ಶಾಲೆ ಇರುವ ಸ್ಥಳವೇ ಹೊರತು ವಿದ್ಯಾರ್ಥಿಯ ಮನೆ ಇರುವ ಸ್ಥಳವಲ್ಲ. ನಗರಸಭಾ ವ್ಯಾಪ್ತಿಯ ಶಾಲೆಯಲ್ಲಿ ಓದುವ ಮಗುವಿಗೆ ಶೇ. 15ರ ಗ್ರಾಮೀಣ ಅಂಕ ದೊರೆಯುವುದಿಲ್ಲ. ಆತ್ರಾಡಿಯಂತಹ ಸಮೀಪದ ಗ್ರಾಮ ಪಂಚಾಯತ್ ವ್ಯಾಪ್ತಿಯ ಶಾಲೆಯ ಮಗುವಿಗೆ ಅದು ದೊರೆಯುತ್ತದೆ. ಆದ್ದರಿಂದ ಶಾಲೆಯು ಯಾವ ಸ್ಥಳೀಯ ಸಂಸ್ಥೆಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಂಡು ನಮೂದಿಸತಕ್ಕದ್ದು. ನಗರ ವ್ಯಾಪ್ತಿಯ ವಿದ್ಯಾರ್ಥಿಗಳು ವಿಜ್ಞಾನ ಮೇಳ, ಸ್ಕೌಟ್ಸ್ ಮತ್ತು ಗೈಡ್ಸ್ ಮುಂತಾದವುಗಳ ಪ್ರಮಾಣಪತ್ರಗಳನ್ನು 6ನೇ ತರಗತಿಯಿಂದಲೇ ಜೋಪಾನವಾಗಿ ಇರಿಸಿಕೊಂಡಲ್ಲಿ ಅನುಕೂಲವಾಗುತ್ತದೆ.

4. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ

1993ರಲ್ಲಿ ಆರಂಭವಾದ ಈ ಕಾರ್ಯಕ್ರಮವನ್ನು ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸಂಘಟಿಸುತ್ತಾ ಬಂದಿದೆ. 10ರಿಂದ 17 ವರ್ಷದೊಳಗಿನ ಮಕ್ಕಳು ಮಾರ್ಗದರ್ಶಿಯೊಬ್ಬರ ನೆರವಿನೊಂದಿಗೆ ತಮ್ಮ ಊರಿನ ಸಮಸ್ಯೆಯೊಂದನ್ನು ಅಧ್ಯಯನ ಮಾಡಿ ವರದಿ ಮಂಡಿಸುವುದು ಇದರ ಸ್ವರೂಪ. ಸ್ಪರ್ಧೆಯಲ್ಲಿ ಯಂತ್ರ ಅಥವಾ ಮಾದರಿಗಿಂತ ವೀಕ್ಷಣೆ, ಅಳತೆ ಮತ್ತು ದಾಖಲೆಗೆ ಮಹತ್ವವಿದೆ. ಹಾಗಾಗಿ ಹಣದ ಅನುಕೂಲವಿಲ್ಲದ ಶಾಲೆಗಳಿಗೂ ಇದು ಯೋಗ್ಯವಾಗಿದೆ. ಶಾಲೆಯಿಂದ ಹೊರಗುಳಿದ ಮಕ್ಕಳಿಗೂ ಇದರಲ್ಲಿ ಭಾಗವಹಿಸಲು ಅವಕಾಶ ಕಲ್ಪಿಸಲಾಗಿದೆ. ಆಯಾ ಸಾಲಿನ ವಿಷಯ ಮತ್ತು ದಿನಾಂಕಗಳಿಗಾಗಿ ಪರಿಷತ್ತಿನ ಪ್ರಕಟಣೆಯನ್ನು ನೋಡುವುದು. ಪರಿಷತ್ತಿನ ಬಾಲವಿಜ್ಞಾನ ಮಾಸಪತ್ರಿಕೆಯನ್ನು ಶಾಲಾ ಗ್ರಂಥಾಲಯಕ್ಕೆ ತರಿಸಿಕೊಳ್ಳಬಹುದು.

5. ಅಟಲ್ ಟಿಂಕರಿಂಗ್ ಪ್ರಯೋಗಾಲಯ

ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ ಅಡಿಯಲ್ಲಿ ಆಯ್ಕೆಯಾದ ಶಾಲೆಗಳಲ್ಲಿ 6ರಿಂದ 12ನೇ ತರಗತಿಯ ವಿದ್ಯಾರ್ಥಿಗಳಿಗಾಗಿ ಈ ಪ್ರಯೋಗಾಲಯಗಳನ್ನು ಸ್ಥಾಪಿಸಲಾಗಿದೆ. ಇದುವರೆಗಿನ ಯೋಜನೆಯಂತೆ ಸ್ಥಾಪನೆಗೆ ರೂ. 10 ಲಕ್ಷ ಹಾಗೂ ಗರಿಷ್ಠ ಐದು ವರ್ಷಗಳ ನಿರ್ವಹಣೆಗೆ ರೂ. 10 ಲಕ್ಷ, ಒಟ್ಟು ರೂ. 20 ಲಕ್ಷದವರೆಗೆ ಅನುದಾನ ನೀಡಲಾಗಿದೆ. ಮೂರು ಆಯಾಮದ ಮುದ್ರಣ ಯಂತ್ರ, ಸಂವೇದಕಗಳು, ವಿದ್ಯುನ್ಮಾನ ಬಿಡಿಭಾಗಗಳು ಮತ್ತು ಸಾಮಾನ್ಯ ಕೈ ಉಪಕರಣಗಳು ಇಲ್ಲಿರುತ್ತವೆ. ಸರ್ಕಾರಿ ಶಾಲೆಗಳಲ್ಲಿ ಐದು ವರ್ಷಗಳಲ್ಲಿ 50,000 ಪ್ರಯೋಗಾಲಯಗಳನ್ನು ಸ್ಥಾಪಿಸುವುದಾಗಿ 2025ರ ಕೇಂದ್ರ ಆಯವ್ಯಯದಲ್ಲಿ ಘೋಷಿಸಲಾಗಿದೆ.

ತಮ್ಮ ಶಾಲೆಯಲ್ಲಿ ಈ ಸೌಲಭ್ಯವಿಲ್ಲದಿದ್ದಲ್ಲಿ ನಿರಾಶರಾಗಬೇಕಿಲ್ಲ. ಪ್ರಯೋಗಾಲಯ ಹೊಂದಿರುವ ಶಾಲೆಗಳು ಸುತ್ತಮುತ್ತಲಿನ ಶಾಲೆಗಳ ಮಕ್ಕಳಿಗೂ ಅದನ್ನು ತೆರೆದಿಡಬೇಕೆಂಬುದು ಯೋಜನೆಯ ಆಶಯ. ಮುಖ್ಯೋಪಾಧ್ಯಾಯರು ಸಮೀಪದ ಅಂತಹ ಶಾಲೆಗೆ ಲಿಖಿತವಾಗಿ ಮನವಿ ಸಲ್ಲಿಸಿ, ತಿಂಗಳಿಗೊಂದು ದಿನವನ್ನಾದರೂ ಗೊತ್ತುಪಡಿಸಿಕೊಳ್ಳಬಹುದು.

6. ಭೇಟಿ ನೀಡಬಹುದಾದ ಸ್ಥಳಗಳು

ಮಣಿಪಾಲ: ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ಹಾಗೂ ರೋಗಶಾಸ್ತ್ರ ವಸ್ತುಸಂಗ್ರಹಾಲಯವು ಪರ್ಕಳಕ್ಕೆ ಅತಿ ಸಮೀಪದಲ್ಲಿದೆ. ಮಾನವ ದೇಹದ ಭಾಗಗಳು, ರೋಗಪೀಡಿತ ಅಂಗಗಳು ಮತ್ತು ಪ್ರಾಣಿಗಳ ಅಸ್ಥಿಪಂಜರಗಳನ್ನು ಇಲ್ಲಿ ಪ್ರತ್ಯಕ್ಷವಾಗಿ ಕಾಣಬಹುದು. ಧೂಮಪಾನದ ಪರಿಣಾಮವನ್ನು ವಿವರಿಸಲು ಇದಕ್ಕಿಂತ ಸ್ಪಷ್ಟವಾದ ಪಾಠವಿಲ್ಲ. ತೀರಾ ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಮುನ್ನ ಶಿಕ್ಷಕರು ಒಮ್ಮೆ ನೋಡಿ ಬರುವುದು ಒಳಿತು.

ಉಡುಪಿ: ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘವು ಗ್ರಹಣ ಮುಂತಾದ ಸಂದರ್ಭಗಳಲ್ಲಿ ಸಾರ್ವಜನಿಕರಿಗೆ ಆಕಾಶ ವೀಕ್ಷಣೆ ಏರ್ಪಡಿಸುತ್ತಾ ಬಂದಿದೆ.

ಮಲ್ಪೆ: ಸಮುದ್ರ ಮಧ್ಯದ ಸೈಂಟ್ ಮೇರೀಸ್ ದ್ವೀಪದ ಕಂಬದಾಕಾರದ ಶಿಲೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾರಸ ತಣಿದು ರೂಪುಗೊಂಡವು. ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲಕ್ಕೆ ಇವು ಸಾಕ್ಷಿಯಾಗಿದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲ್ಪಟ್ಟಿವೆ. ಮಳೆಗಾಲದಲ್ಲಿ ದೋಣಿ ಸಂಚಾರವಿರುವುದಿಲ್ಲ.

ಮಂಗಳೂರು: ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರದಲ್ಲಿ ಮಕ್ಕಳು ತಾವೇ ಮುಟ್ಟಿ, ತಿರುಗಿಸಿ ನೋಡಬಹುದಾದ ಮಾದರಿಗಳಿವೆ. 2018ರಲ್ಲಿ ಉದ್ಘಾಟನೆಯಾದ ಸ್ವಾಮಿ ವಿವೇಕಾನಂದ ತಾರಾಲಯವೂ ಇದೇ ಆವರಣದಲ್ಲಿದೆ. ಪರ್ಕಳದಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು.

ಸೂಚನೆ: ಶೈಕ್ಷಣಿಕ ಪ್ರವಾಸಕ್ಕೆ ಪೋಷಕರ ಲಿಖಿತ ಒಪ್ಪಿಗೆ ಹಾಗೂ ಇಲಾಖೆಯ ಪೂರ್ವಾನುಮತಿ ಅಗತ್ಯ. ಸಮಯ, ರಜಾದಿನ ಮತ್ತು ಪ್ರವೇಶ ಶುಲ್ಕವನ್ನು ಮುಂಚಿತವಾಗಿ ವಿಚಾರಿಸತಕ್ಕದ್ದು.

7. ವೆಚ್ಚವಿಲ್ಲದೆ ಶಾಲಾ ಅಂಗಳದಲ್ಲಿ ಮಾಡಬಹುದಾದ ಎರಡು ಪ್ರಯೋಗಗಳು

ಶೂನ್ಯ ನೆರಳಿನ ದಿನ: ಉಡುಪಿ ಪರಿಸರದಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 25 ಹಾಗೂ ಆಗಸ್ಟ್ 17ರ ಆಸುಪಾಸಿನಲ್ಲಿ, ನಡುನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಸುಮಾರು 12.29ಕ್ಕೆ ನೇರವಾಗಿ ನೆಟ್ಟ ಕೋಲಿನ ನೆರಳು ಬಹುತೇಕ ಮಾಯವಾಗುತ್ತದೆ. ಅದೇ ದಿನ ಕಾರವಾರದ ಶಾಲೆಯೊಂದರಲ್ಲಿ ನಡುಹಗಲಿಗೆ ಒಂದು ಮೀಟರ್ ಕೋಲಿನ ನೆರಳನ್ನು ಅಳೆದರೆ ಅದು ಸುಮಾರು 2.57 ಸೆಂ.ಮೀ. ಇರುತ್ತದೆ. ಇದರಿಂದ ಸೂರ್ಯಕಿರಣದ ಓರೆ ಸುಮಾರು 1.47 ಡಿಗ್ರಿ ಎಂದು ತಿಳಿಯುತ್ತದೆ. ಎರಡೂ ಊರುಗಳ ನಡುವಿನ ಉತ್ತರ-ದಕ್ಷಿಣ ಅಂತರ ಸುಮಾರು 163 ಕಿ.ಮೀ. ಈ ಅಂತರವನ್ನು 360ರಿಂದ ಗುಣಿಸಿ 1.47ರಿಂದ ಭಾಗಿಸಿದರೆ ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಎಂದು ದೊರೆಯುತ್ತದೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಎರಟೋಸ್ತನೀಸ್ ಅನುಸರಿಸಿದ ಕ್ರಮವೂ ಇದೇ ತತ್ತ್ವದ್ದು. ಏಪ್ರಿಲ್‌ನಲ್ಲಿ ಶಾಲೆಗೆ ರಜೆಯಿರುವುದರಿಂದ ಮನೆಯಂಗಳದಲ್ಲಿ ಮಾಡಬಹುದು. ಆಗಸ್ಟ್‌ನಲ್ಲಿ ಮೋಡ ಅಡ್ಡಿಯಾಗುವ ಸಂಭವವಿದೆ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು.

ಮಳೆ ಮಾಪನ: ನೇರವಾದ ಬದಿಗಳುಳ್ಳ, ತಳ ಸಮತಟ್ಟಾದ ಪಾತ್ರೆಯನ್ನು ಬಯಲಿನಲ್ಲಿಟ್ಟು ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರವನ್ನು ಮಿ.ಮೀ.ಗಳಲ್ಲಿ ದಾಖಲಿಸಬೇಕು. ಒಂದು ಮಿ.ಮೀ. ಮಳೆಯೆಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಈ ಲೆಕ್ಕದಂತೆ 50 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಸುಮಾರು 2 ಲಕ್ಷ ಲೀಟರ್ ನೀರು ಬೀಳುತ್ತದೆ. ಮಳೆಯ ದಾಖಲೆಯೊಂದಿಗೆ ಶಾಲಾ ಬಾವಿಯ ನೀರಿನ ಮಟ್ಟವನ್ನೂ ವಾರಕ್ಕೊಮ್ಮೆ ಬರೆದಿಟ್ಟರೆ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಒಂದು ಗಟ್ಟಿಯಾದ ವರದಿಗೆ ಆಧಾರ ಸಿದ್ಧವಾಗುತ್ತದೆ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಡಿಮೆ ಅಂಕ ಪಡೆಯುವ ಮಗುವಿನ ಹೆಸರನ್ನು ಇನ್‌ಸ್ಪೈರ್‌ಗೆ ಕಳುಹಿಸಬಹುದೇ?
ಉತ್ತರ: ಕಳುಹಿಸಬಹುದು. ಇಲ್ಲಿ ಆಲೋಚನೆಯ ಹೊಸತನವನ್ನು ಪರಿಗಣಿಸಲಾಗುತ್ತದೆಯೇ ಹೊರತು ಪರೀಕ್ಷೆಯ ಅಂಕಗಳನ್ನಲ್ಲ.

ಪ್ರಶ್ನೆ: ಶಾಲೆಯು ನೋಂದಣಿಯಾಗಿಲ್ಲದಿದ್ದರೆ ಏನು ಮಾಡಬೇಕು?
ಉತ್ತರ: ಮೊದಲು ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ನೀಡಿ. ಅಗತ್ಯಬಿದ್ದಲ್ಲಿ ತಮ್ಮ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಬಹುದು. ನೋಂದಣಿಗೆ ಮೇಲಿನ ಹಂತದ ಅನುಮೋದನೆ ಬೇಕಾಗುವುದರಿಂದ ಕೊನೆಯ ವಾರದವರೆಗೆ ಕಾಯಬಾರದು.

ಪ್ರಶ್ನೆ: ಇದಕ್ಕಾಗಿ ಮಧ್ಯವರ್ತಿಗಳಿಗೆ ಹಣ ಕೊಡಬೇಕೇ?
ಉತ್ತರ: ಕೂಡದು. ಇನ್‌ಸ್ಪೈರ್ ನಾಮನಿರ್ದೇಶನಕ್ಕೆ ಶುಲ್ಕವಿಲ್ಲ. ಸಿದ್ಧ ಮಾದರಿಗಳನ್ನು ಹಣ ಕೊಟ್ಟು ಕೊಂಡು ತಂದರೆ ಮಗುವಿಗೆ ಕಲಿಕೆಯಾಗುವುದಿಲ್ಲ. ಪ್ರದರ್ಶನದಲ್ಲಿ ತೀರ್ಪುಗಾರರ ಪ್ರಶ್ನೆಗೆ ಉತ್ತರಿಸಲೂ ಆಗುವುದಿಲ್ಲ.

ಮಗು ಕೇಳಿದ ಪ್ರಶ್ನೆಯನ್ನು ಅದೇ ದಿನ ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ ರೂಢಿಸಿಕೊಳ್ಳಬೇಕೆಂದು ಕೋರಲಾಗಿದೆ. ಸುತ್ತೋಲೆ ಬಂದಾಗ ಹುಡುಕಬೇಕಾದ ಆಲೋಚನೆ ಆ ಪುಸ್ತಕದಲ್ಲಿಯೇ ದೊರೆಯುತ್ತದೆ.