ದೇವರನ್ನು ನಂಬಿಸುವುದು ಸಾವಿನ ಭಯವೇ?

ಸಂಕಟ ಬಂದಾಗ ವೆಂಕಟರಮಣ ಎಂಬ ಗಾದೆಯನ್ನು ನಾವು ಬಳಸುವುದು ಹೆಚ್ಚಾಗಿ ಇನ್ನೊಬ್ಬರನ್ನು ಹಂಗಿಸಲು. ಅದರೊಳಗೆ ಒಂದು ಸಿದ್ಧಾಂತವೂ ಅಡಗಿದೆ: ಮನುಷ್ಯ ದೇವರ ಕಡೆ ತಿರುಗುವುದು ಹೆದರಿದಾಗ. ಸಂಕಟಗಳಲ್ಲೆಲ್ಲ ದೊಡ್ಡದು ಸಾವು. ಹಾಗಿದ್ದರೆ ಧರ್ಮಶ್ರದ್ಧೆಯ ಬುಡದಲ್ಲಿರುವುದು ಸಾವಿನ ಭಯವೇ? ತತ್ತ್ವಜ್ಞರು ಎರಡು ಸಾವಿರ ವರ್ಷಗಳಿಂದ ಚರ್ಚಿಸುತ್ತ ಬಂದ ಈ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರು ಕಳೆದ ಕೆಲವು ದಶಕಗಳಿಂದ ಪ್ರಯೋಗಕ್ಕೆ ಒಡ್ಡಿದ್ದಾರೆ. ಅವರಿಗೆ ಸಿಕ್ಕ ಉತ್ತರ ಗಾದೆಯಷ್ಟು ಸರಳವಾಗಿಲ್ಲ. ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಂಥ ಬಡಾವಣೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ನಡವಳಿಕೆಯನ್ನು ನೋಡಿದರೂ ಇದೇ ಮಾತು ಹೇಳಬೇಕಾಗುತ್ತದೆ.

ವಾದದ ಹಿನ್ನೆಲೆ

ದೇವರ ಭಯ, ಸಾವಿನ ಭಯ ಎರಡೂ ಅಜ್ಞಾನದಿಂದ ಬಂದವು, ಪ್ರಕೃತಿಯನ್ನು ಅರಿತರೆ ಎರಡೂ ತೊಲಗುತ್ತವೆ ಎಂದು ಗ್ರೀಸ್‌ನ ಎಪಿಕ್ಯೂರಸ್ (ಕ್ರಿ.ಪೂ. 341–270) ಬೋಧಿಸಿದ. ಅವನ ಮಾತನ್ನು ರೋಮಿನ ಕವಿ ಲುಕ್ರೀಶಿಯಸ್ ಕಾವ್ಯವಾಗಿಸಿದ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1757ರಲ್ಲಿ ಧರ್ಮದ ಮೂಲವನ್ನು ಭಯ ಮತ್ತು ಆಸೆಗಳಲ್ಲಿ ಹುಡುಕಿದ. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1925ರಲ್ಲಿ, ಸಿಗ್ಮಂಡ್ ಫ್ರಾಯ್ಡ್ 1927ರಲ್ಲಿ ಹೆಚ್ಚುಕಡಿಮೆ ಇದೇ ದಾರಿ ಹಿಡಿದರು. ಸಂಸ್ಕೃತಿ, ಧರ್ಮ, ಕೀರ್ತಿಯ ಹಂಬಲ ಎಲ್ಲವೂ ಸಾವನ್ನು ನಿರಾಕರಿಸುವ ಉಪಾಯಗಳು ಎಂದು ವಾದಿಸಿದ ಅರ್ನೆಸ್ಟ್ ಬೆಕರ್ ಅವರ ಪುಸ್ತಕ 1973ರಲ್ಲಿ ಬಂತು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಘೋಷಣೆಯಾಗುವ ಹೊತ್ತಿಗೆ ಬೆಕರ್ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು.

ಭಾರತದಲ್ಲೂ ಈ ಭಯವನ್ನು ಗುರುತಿಸಿ ಹೆಸರಿಟ್ಟವರಿದ್ದಾರೆ. ಪತಂಜಲಿ ಯೋಗಸೂತ್ರದಲ್ಲಿ ಐದು ಕ್ಲೇಶಗಳನ್ನು ಎಣಿಸುತ್ತಾನೆ. ಐದನೆಯದು ಅಭಿನಿವೇಶ, ಅಂದರೆ ಬದುಕಿಗೆ ಅಂಟಿಕೊಳ್ಳುವ ಹಟ. ವಿದ್ವಾಂಸನನ್ನೂ ಅದು ಬಿಡುವುದಿಲ್ಲ ಎನ್ನುವುದು ಅವನ ಮಾತಿನ ತಿರುಳು. ಇಲ್ಲಿ ಸಾವಿನ ಭಯ ಧರ್ಮವನ್ನು ಹುಟ್ಟಿಸುವ ಶಕ್ತಿಯಾಗಿ ಬರುವುದಿಲ್ಲ, ಸಾಧನೆಯಿಂದ ಕಳೆದುಕೊಳ್ಳಬೇಕಾದ ದೋಷವಾಗಿ ಬರುತ್ತದೆ.

ಭಯವನ್ನು ಅಳೆಯುವ ಪ್ರಯತ್ನ

ಡೊನಾಲ್ಡ್ ಟೆಂಪ್ಲರ್ 1970ರಲ್ಲಿ ಹದಿನೈದು ವಾಕ್ಯಗಳ ಒಂದು ಮಾಪಕವನ್ನು ಸಿದ್ಧಪಡಿಸಿದರು. ಪ್ರತಿ ವಾಕ್ಯದ ಮುಂದೆ ಸರಿ ಅಥವಾ ತಪ್ಪು ಎಂದು ಗುರುತಿಸಿದರೆ ಸಾಕು, ಅಂಕ ಸಿಗುತ್ತದೆ. ಆದರೆ ಹೆದರಿಕೆಯನ್ನು ಒಪ್ಪಿಕೊಳ್ಳುವವರು ಕಡಿಮೆ. ಹಾಗಾಗಿ ಬೇರೆ ದಾರಿ ಬೇಕಾಯಿತು.

ಬೆಕರ್ ವಿಚಾರಗಳಿಂದ ಪ್ರೇರಿತರಾದ ಗ್ರೀನ್‌ಬರ್ಗ್, ಸಾಲೊಮನ್, ಪಿಶಿನ್ಸ್ಕಿ ಎಂಬ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು 1986ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ಸಾವಿನ ನೆನಪು ಕಾಡಿದಾಗ ಮನುಷ್ಯ ತಾನು ನಂಬಿದ ಮೌಲ್ಯಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ ಎಂಬುದು ಅದರ ಸಾರ. 1989ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅರಿಜೋನಾದ 22 ನ್ಯಾಯಾಧೀಶರ ಮುಂದೆ ವೇಶ್ಯಾವೃತ್ತಿಯ ಆರೋಪಿಯ ಕಲ್ಪಿತ ಪ್ರಕರಣವನ್ನು ಇಡಲಾಯಿತು. ಅವರಲ್ಲಿ ಅರ್ಧದಷ್ಟು ಜನರಿಗೆ ಮೊದಲು ತಮ್ಮ ಸಾವಿನ ಬಗ್ಗೆ ನಾಲ್ಕು ಮಾತು ಬರೆಯಲು ಹೇಳಿದ್ದರು. ಹಾಗೆ ಬರೆದವರು ಸರಾಸರಿ 455 ಡಾಲರ್ ಜಾಮೀನು ನಿಗದಿ ಮಾಡಿದರೆ, ಬರೆಯದವರು ನಿಗದಿ ಮಾಡಿದ್ದು 50 ಡಾಲರ್.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ತಂಡವೊಂದು ಇದನ್ನೇ ದೇವರ ನಂಬಿಕೆಗೆ ಅನ್ವಯಿಸಿತು. ಜೊನಾಥನ್ ಜಾಂಗ್, ಜೇಮಿನ್ ಹಾಲ್ಬರ್‌ಸ್ಟಾಟ್ ಮತ್ತಿತರರ ಈ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಸಾವನ್ನು ನೆನೆದ ಆಸ್ತಿಕರ ನಂಬಿಕೆ ಬಲವಾಯಿತು. ನಾಸ್ತಿಕರು ತಮ್ಮ ಅಪನಂಬಿಕೆಯನ್ನು ಇನ್ನೂ ಗಟ್ಟಿಯಾಗಿ ಹೇಳಿದರು. ಆದರೆ ಕಂಪ್ಯೂಟರ್ ಮುಂದೆ ಕೂರಿಸಿ ಉತ್ತರಿಸುವ ವೇಗವನ್ನು ಅಳೆದಾಗ, ದೇವರು, ಸ್ವರ್ಗ ಮುಂತಾದವು ಇಲ್ಲ ಎನ್ನಲು ನಾಸ್ತಿಕರು ತುಸು ತಡವರಿಸಿದರು. ಬಾಯಿ ಒಪ್ಪದ್ದನ್ನು ಮನಸ್ಸಿನ ಒಳಪದರ ಒಪ್ಪುತ್ತದೆಯೇ ಎಂಬ ಚರ್ಚೆಗೆ ಇದು ದಾರಿ ಮಾಡಿತು.

ಸಿಡ್ನಿಯಲ್ಲಿ ಈ ವಿಷಯ ಚಿಕಿತ್ಸೆಯ ಕೋಣೆಗೂ ಬಂದಿದೆ. ಪದೇ ಪದೇ ಕೈ ತೊಳೆಯುವ ಗೀಳಿನ ರೋಗಿಗಳಿಗೆ ಸಾವನ್ನು ನೆನಪಿಸಿದರೆ ಅವರು ಕೈ ತೊಳೆಯುವ ಅವಧಿ ಸುಮಾರು ಎರಡು ಪಟ್ಟಾಗುತ್ತದೆ ಎಂದು ಸಿಡ್ನಿ ವಿಶ್ವವಿದ್ಯಾಲಯದ ರೇಚಲ್ ಮೆನ್ಜೀಸ್ ಮತ್ತು ಇಲಾನ್ ಡಾರ್-ನಿಮ್ರೋಡ್ 2017ರಲ್ಲಿ ತೋರಿಸಿದರು. ಸಾವಿನ ಭಯ ಮಾನವ ಸಮಾಜವನ್ನು ರೂಪಿಸಿದ ಬಗೆಯನ್ನು ಕುರಿತು ರೇಚಲ್ ಮತ್ತು ಅವರ ತಂದೆ ರಾಸ್ ಮೆನ್ಜೀಸ್ ಸೇರಿ ಬರೆದ ಪುಸ್ತಕ 2021ರಲ್ಲಿ ಹೊರಬಂತು.

ಅಂಕಿಅಂಶಗಳ ಪೇಚು

ಬಿಡಿಬಿಡಿ ಪ್ರಯೋಗಗಳನ್ನು ಬಿಟ್ಟು ಒಟ್ಟು ಚಿತ್ರ ನೋಡಿದರೆ ವಾದ ಸೊರಗುತ್ತದೆ. ಜಾಂಗ್ ಮತ್ತು ಸಂಗಡಿಗರು 1961ರಿಂದ 2014ರವರೆಗೆ ನಡೆದ ಸುಮಾರು ನೂರು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ಲೇಷಣೆ ಪ್ರಕಟಿಸಿದರು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಧಾರ್ಮಿಕತೆಗೂ ಸಾವಿನ ಭಯಕ್ಕೂ ಸಂಬಂಧವನ್ನೇ ಕಂಡಿರಲಿಲ್ಲ. ಉಳಿದವುಗಳಲ್ಲಿ ಕೆಲವು ಆಸ್ತಿಕರಿಗೆ ಭಯ ಕಡಿಮೆ ಎಂದರೆ, ಇನ್ನು ಕೆಲವು ಆಸ್ತಿಕರಿಗೇ ಭಯ ಹೆಚ್ಚು ಎಂದವು.

ಒಂದು ಸಂಗತಿ ಮಾತ್ರ ತಕ್ಕಮಟ್ಟಿಗೆ ಸ್ಥಿರವಾಗಿ ಕಂಡಿತು. ಗಾಢ ಭಕ್ತರಿಗೂ ಪಕ್ಕಾ ನಾಸ್ತಿಕರಿಗೂ ಭಯ ಕಡಿಮೆ. ಇತ್ತ ನಂಬಲೂ ಆಗದೆ ಅತ್ತ ಬಿಡಲೂ ಆಗದೆ ನಡುವೆ ಇರುವವರಿಗೆ ಹೆಚ್ಚು. ಭಯವೇ ಭಕ್ತಿಯನ್ನು ಹುಟ್ಟಿಸುವುದಾದರೆ, ಹೆಚ್ಚು ಹೆದರುವ ಈ ನಡುವಿನವರೇ ದೇವಸ್ಥಾನಕ್ಕೆ ಎಲ್ಲರಿಗಿಂತ ಮೊದಲು ಬಂದು ನಿಲ್ಲಬೇಕಿತ್ತು.

ಶಾನ್ ನಿಕೋಲ್ಸ್ ಮತ್ತಿತರರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಅಚ್ಚರಿಯದು. ಶಾಶ್ವತ ಆತ್ಮವಿಲ್ಲ ಎಂದು ಕಲಿತು, ಸಾವನ್ನು ಎದುರಿಸಲು ಆ ತಿಳಿವಳಿಕೆಯನ್ನೇ ನೆಚ್ಚಿಕೊಂಡ ಟಿಬೆಟ್ಟಿನ ಬೌದ್ಧ ಭಿಕ್ಷುಗಳು, ಹೋಲಿಸಿ ನೋಡಿದ ಹಿಂದೂಗಳು, ಅಮೆರಿಕನ್ನರು ಮತ್ತಿತರ ಗುಂಪುಗಳಿಗಿಂತ ಹೆಚ್ಚು ಸಾವಿಗೆ ಹೆದರುತ್ತಿದ್ದರು. ಇನ್ನೊಂದೆಡೆ, ಅಮೆರಿಕದ ಆ ಮೂವರ ಸಿದ್ಧಾಂತದ ಹಳೆಯ ಪ್ರಯೋಗವೊಂದನ್ನು ಹಲವು ಪ್ರಯೋಗಾಲಯಗಳು ಸೇರಿ ಮತ್ತೆ ನಡೆಸಿದಾಗ ಮೊದಲಿನ ಫಲಿತಾಂಶ ದೊರೆಯಲಿಲ್ಲ ಎಂಬ ವರದಿ 2022ರಲ್ಲಿ ಬಂತು.

ಧರ್ಮಗಳು ನಿಜಕ್ಕೂ ಅಭಯ ಕೊಡುತ್ತವೆಯೇ?

ಸಾವಿನ ಭಯಕ್ಕೆ ಮದ್ದಾಗಿ ಧರ್ಮ ಹುಟ್ಟಿದ್ದರೆ ಅದು ಕೊಡುವ ಭರವಸೆ ಸಿಹಿಯಾಗಿರಬೇಕು. ಹಲವು ಧರ್ಮಗಳ ಪರಲೋಕ ಹಾಗಿಲ್ಲ. ಪ್ರಾಚೀನ ಮೆಸೊಪೊಟೇಮಿಯಾದಲ್ಲಿ ಸತ್ತವರು ಕತ್ತಲೆಯಲ್ಲಿ ಧೂಳು ತಿನ್ನುತ್ತಾರೆ. ಹೋಮರನ ಪಾತಾಳದಲ್ಲಿ ಅವರು ಬರಿಯ ನೆರಳುಗಳು. ಗರುಡಪುರಾಣದ ನರಕವರ್ಣನೆ ಕೇಳಿದವರ ಭಯ ಕಡಿಮೆಯಾಗುವುದಂತೂ ದೂರದ ಮಾತು. ಬ್ರಾಹ್ಮಣ ಗ್ರಂಥಗಳಲ್ಲಿ ಪುನರ್ಮೃತ್ಯುವಿನ, ಅಂದರೆ ಮತ್ತೆ ಸಾಯುವುದರ ಆತಂಕ ಕಾಣುತ್ತದೆ. ಮುಂದೆ ಬೆಳೆದ ಮೋಕ್ಷದ ಕಲ್ಪನೆ ಕೊಡುವುದು ಹುಟ್ಟುಸಾವುಗಳೆರಡರಿಂದಲೂ ಬಿಡುಗಡೆಯನ್ನು. ಬದುಕು ಮುಂದುವರಿಯಲಿ ಎಂದು ಹಂಬಲಿಸುವವನಿಗೆ ಅದರಲ್ಲಿ ಸಮಾಧಾನವಿಲ್ಲ.

ಕರ್ನಾಟಕದ ಎರಡು ಪರಂಪರೆಗಳು ಇಲ್ಲಿ ಮುಖ್ಯ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಜೈನರ ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಮುನಿಗಳ, ಕಂತಿಯರ, ಗೃಹಸ್ಥರ ಹೆಸರುಗಳಿವೆ. ಅತಿ ಹಳೆಯ ಶಾಸನಗಳು ಸುಮಾರು 7ನೇ ಶತಮಾನದವು. ಆಹಾರವನ್ನು ಹಂತಹಂತವಾಗಿ ಬಿಟ್ಟು ಸಾವನ್ನು ಎಚ್ಚರದಿಂದ ಬರಮಾಡಿಕೊಳ್ಳುವ ಈ ವ್ರತವನ್ನು ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್ 10ರಂದು ಆತ್ಮಹತ್ಯೆಗೆ ಸಮವೆಂದು ನಿಷೇಧಿಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. 12ನೇ ಶತಮಾನದ ಶರಣರು ಸಾವನ್ನು ಲಿಂಗೈಕ್ಯವೆಂದು ಕಂಡರು. ಮೃತಸೂತಕವೂ ಸೇರಿದಂತೆ ಪಂಚಸೂತಕಗಳನ್ನು ತಳ್ಳಿಹಾಕಿದರು. ಇವೆರಡೂ ಸಾವಿನ ಬಗ್ಗೆ ಆಳವಾಗಿ ಯೋಚಿಸಿದ ಮಾರ್ಗಗಳೇ. ಆದರೆ ಬದುಕಿಗೆ ಅಂಟಿಕೊಳ್ಳಿ ಎಂದು ಎರಡೂ ಹೇಳಲಿಲ್ಲ.

ಆಪತ್ತು ಬಂದಾಗ

ಹಾಗೆಂದು ಗಾದೆ ಪೂರ್ತಿ ಸುಳ್ಳೂ ಅಲ್ಲ. 2011ರ ಫೆಬ್ರವರಿ 22ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 185 ಜನರನ್ನು ಬಲಿ ಪಡೆದ ಭೂಕಂಪವಾಯಿತು. ದೇಶದಲ್ಲಿ ಒಟ್ಟಾರೆ ಧಾರ್ಮಿಕತೆ ಇಳಿಯುತ್ತಿದ್ದ ಆ ಕಾಲದಲ್ಲಿ ಭೂಕಂಪಪೀಡಿತರಲ್ಲಿ ಮಾತ್ರ ಅದು ತುಸು ಏರಿತು ಎಂದು ಸಿಬ್ಲಿ ಮತ್ತು ಬುಲ್‌ಬುಲಿಯಾ ಅವರ 2012ರ ಅಧ್ಯಯನ ತಿಳಿಸಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಹರಡುತ್ತಿದ್ದಂತೆ ಗೂಗಲ್‌ನಲ್ಲಿ ಪ್ರಾರ್ಥನೆಯ ಹುಡುಕಾಟ ಹಲವು ದೇಶಗಳಲ್ಲಿ ಏಕಕಾಲಕ್ಕೆ ಜಿಗಿದದ್ದನ್ನು ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಜೀನೆಟ್ ಬೆಂಟ್ಸನ್ ದಾಖಲಿಸಿದರು.

ಆಸ್ಟ್ರೇಲಿಯಾದ ಕನ್ನಡಿಗರಿಗೆ ಅತಿ ಕಠಿಣ ದಿನಗಳು ಬಂದದ್ದು ಮರುವರ್ಷ. ಭಾರತದಲ್ಲಿ ಎರಡನೇ ಅಲೆ ಏರುತ್ತಿದ್ದಾಗ, 2021ರ ಏಪ್ರಿಲ್ 27ರಂದು ಆಸ್ಟ್ರೇಲಿಯಾ ಸರ್ಕಾರ ಭಾರತದ ವಿಮಾನಗಳನ್ನು ನಿಲ್ಲಿಸಿತು. ಮೇ 3ರಿಂದ, ಹಿಂದಿನ 14 ದಿನಗಳೊಳಗೆ ಭಾರತದಲ್ಲಿದ್ದವರು ಬಂದರೆ ಐದು ವರ್ಷದವರೆಗೆ ಜೈಲು ಅಥವಾ 66,600 ಡಾಲರ್‌ವರೆಗೆ ದಂಡ ಎಂಬ ಆದೇಶ ಜಾರಿಗೆ ಬಂತು. ಮೇ 15ರಂದು ಅದು ಕೊನೆಗೊಂಡಿತು. ಬೆಂಗಳೂರಿನ ಚಿತಾಗಾರಗಳು ಹಗಲುರಾತ್ರಿ ಉರಿಯುತ್ತಿದ್ದವು. ಇಲ್ಲಿನ ಮಕ್ಕಳು ಅಪ್ಪನದೋ ಅಮ್ಮನದೋ ಅಂತ್ಯಕ್ರಿಯೆಯನ್ನು ವಾಟ್ಸ್‌ಆ್ಯಪ್ ವಿಡಿಯೊದಲ್ಲಿ ನೋಡಬೇಕಾಯಿತು.

ಅದೇ ವರ್ಷದ ಜೂನ್ 2ರಂದು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ, ಯಾರೂ ಬಂದು ಪಡೆಯದ ಸುಮಾರು 560 ಕೋವಿಡ್ ಮೃತರ ಅಸ್ಥಿಯನ್ನು ಆಗಿನ ಕಂದಾಯ ಸಚಿವ ಆರ್. ಅಶೋಕ ಅವರು ವಿಧಿಪೂರ್ವಕವಾಗಿ ಕಾವೇರಿಯಲ್ಲಿ ವಿಸರ್ಜಿಸಿದರು. ಸತ್ತವರು ಸಚಿವರ ಬಂಧುಗಳಲ್ಲ. ತಮ್ಮ ಸಾವಿನ ಭಯದಿಂದ ಯಾರೂ ಇಂಥ ಕೆಲಸ ಮಾಡುವುದಿಲ್ಲ. ದಿಕ್ಕಿಲ್ಲದ ಸಾವು ಯಾರಿಗೂ ಬರಬಾರದು ಎಂಬ ಭಾವನೆ ಅಲ್ಲಿ ಕೆಲಸ ಮಾಡಿತ್ತು.

ಕ್ರಾನ್‌ಬರ್ನ್‌ನ ಮನೆಗಳಲ್ಲಿ

ಕ್ರಾನ್‌ಬರ್ನ್ ಇರುವುದು ಮೆಲ್ಬರ್ನ್ ನಗರಕೇಂದ್ರದಿಂದ ಆಗ್ನೇಯಕ್ಕೆ 40 ಕಿ.ಮೀ.ಗೂ ಹೆಚ್ಚು ದೂರದಲ್ಲಿ, ಕೇಸಿ ನಗರಾಡಳಿತದ ವ್ಯಾಪ್ತಿಯಲ್ಲಿ. ಹತ್ತಿರದ ಕ್ಯಾರಮ್ ಡೌನ್ಸ್‌ನಲ್ಲಿ 1994ರಲ್ಲಿ ಕುಂಭಾಭಿಷೇಕಗೊಂಡ ಶಿವವಿಷ್ಣು ದೇವಾಲಯವಿದೆ. ಡ್ಯಾಂಡಿನಾಂಗ್ ಸೌತ್‌ನ ಬುನುರಾಂಗ್ ಮೆಮೊರಿಯಲ್ ಪಾರ್ಕ್‌ನಲ್ಲಿ ಚಿತಾಗಾರವಿದೆ.

ಇಲ್ಲಿ ಸಾವಾದರೆ ದೇಹ ಮನೆಯ ನಡುಮನೆಗೆ ಬರುವುದು ಅಪರೂಪ. ವೈದ್ಯರ ಪತ್ರ, ದಹನದ ಅನುಮತಿ, ಫ್ಯೂನರಲ್ ಡೈರೆಕ್ಟರ್ ಕೊಡುವ ದಿನಾಂಕ ಎಲ್ಲ ಕೂಡಿಬರುವ ಹೊತ್ತಿಗೆ ಹಲವು ದಿನ ಕಳೆದಿರುತ್ತವೆ. ನಿಗದಿತ ಅವಧಿಯೊಳಗೆ ಪುರೋಹಿತರು ಮಂತ್ರ ಮುಗಿಸಬೇಕು. ಬಂಧುಗಳು ಬಾಯಿಗೆ ಅಕ್ಕಿಕಾಳು, ತುಳಸಿ ಹಾಕಿ ಮುಗಿಸಬೇಕು. ಕೊಳ್ಳಿ ಇಡಬೇಕಾದ ಮಗ ಗುಂಡಿ ಒತ್ತುತ್ತಾನೆ. ಅಸ್ಥಿ ಡಬ್ಬಿಯಲ್ಲಿ ಕೈಗೆ ಬರುತ್ತದೆ. ಅದನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯವರೆಗೆ ಒಯ್ಯುವವರೂ ಇದ್ದಾರೆ.

ಇಂಥ ಮನೆಗಳಲ್ಲಿ ಏಳುವ ಪ್ರಶ್ನೆಗಳನ್ನು ಗಮನಿಸಬೇಕು. ಹನ್ನೊಂದನೇ ದಿನವನ್ನು ಸತ್ತ ದಿನದಿಂದ ಎಣಿಸಬೇಕೋ, ದಹನದ ದಿನದಿಂದಲೋ? ತಿಥಿಗೆ ಮೆಲ್ಬರ್ನ್ ಪಂಚಾಂಗವೋ, ಊರಿನದೋ? ಊರಲ್ಲಿ ದೊಡ್ಡಪ್ಪ ತೀರಿಕೊಂಡ ಸುದ್ದಿ ಆರು ದಿನ ತಡವಾಗಿ ತಿಳಿದರೆ ಸೂತಕ ಎಷ್ಟು ದಿನ? ಈ ಕೊನೆಯದಕ್ಕೆ ಮನುಸ್ಮೃತಿಯ ಐದನೇ ಅಧ್ಯಾಯದಲ್ಲೇ ಉತ್ತರವಿದೆ: ಹತ್ತು ದಿನದೊಳಗೆ ಕೇಳಿದರೆ ಉಳಿದ ದಿನಗಳಷ್ಟು, ಆಮೇಲೆ ಕೇಳಿದರೆ ಮೂರು ರಾತ್ರಿ, ವರ್ಷ ಕಳೆದಿದ್ದರೆ ಸ್ನಾನ ಸಾಕು. ಪಿಂಡ ಮುಟ್ಟಲು ಊರಿನ ಬೂದುಕತ್ತಿನ ಕಾಗೆ ಇಲ್ಲಿಲ್ಲ. ಹಿತ್ತಿಲ ಬೇಲಿಗೆ ಬರುವುದು ಮೈಯೆಲ್ಲ ಕಪ್ಪಾದ, ಬಿಳಿಗಣ್ಣಿನ ಲಿಟಲ್ ರೇವನ್. ಅದು ಮುಟ್ಟಿದರೂ ಸಾಕೆಂದು ಮನೆಯವರು ಕಾಯುತ್ತಾರೆ.

ಹಳೇ ಮೈಸೂರು ಕಡೆಯ ಮನೆಗಳಲ್ಲಿ ಮಂತ್ರಕ್ಕಿಂತ ಎಡೆಗೆ ಹೆಚ್ಚು ಬೆಲೆ. ಸಾವಿನ ನಂತರ ಹಾಲುತುಪ್ಪ ಬಿಡುತ್ತಾರೆ. ಪಿತೃಪಕ್ಷದ ಹಿರಿಯರ ಹಬ್ಬದಲ್ಲಿ ಫೋಟೊದ ಮುಂದೆ ಹೊಸ ಬಟ್ಟೆ ಇಟ್ಟು, ಸತ್ತವರಿಗೆ ಇಷ್ಟವಾಗಿದ್ದ ತಿನಿಸು ಬಡಿಸುತ್ತಾರೆ. ಬಾಡೂಟ, ಬೀಡಿ, ಬಾಟಲಿಗೂ ಅಡ್ಡಿಯಿಲ್ಲ.

ಈ ಪ್ರಶ್ನೆಗಳಲ್ಲಿ, ಆಚರಣೆಗಳಲ್ಲಿ ನಾನು ಸತ್ತ ಮೇಲೆ ಎಲ್ಲಿಗೆ ಹೋಗುತ್ತೇನೆ ಎಂಬ ಚಿಂತೆ ಎಲ್ಲೂ ಇಲ್ಲ. ಇರುವುದು ಹೋದವರಿಗೆ ಮಾಡಬೇಕಾದ್ದು ಸರಿಯಾಗಿ ನಡೆಯಿತೇ ಎಂಬ ಚಿಂತೆ. ದೇವರಲ್ಲಿ ನಂಬಿಕೆ ಅಷ್ಟಕ್ಕಷ್ಟೇ ಇರುವವರೂ ಅಪ್ಪನ ತಿಥಿಯನ್ನು ತಪ್ಪಿಸುವುದಿಲ್ಲ.

ನಂಬದವರ ನೆಲೆ

ಕನ್ನಡದ ಲೇಖಕ ಎ. ಎನ್. ಮೂರ್ತಿರಾಯರ ‘ದೇವರು’ ಪುಸ್ತಕ ಪ್ರಕಟವಾದದ್ದು 1991ರಲ್ಲಿ. ಆಗ ಅವರಿಗೆ ತೊಂಬತ್ತು ದಾಟಿತ್ತು. ದೇವರ ಕಲ್ಪನೆಯನ್ನು ತರ್ಕದಿಂದ ಪರೀಕ್ಷಿಸಿ ಒಪ್ಪದೆ ಹೋದ ಅವರು 2003ರವರೆಗೆ ಬದುಕಿದ್ದರು. ಕಾಲ ಹತ್ತಿರವಾದಾಗ ಎಲ್ಲರೂ ದೇವರನ್ನು ನೆನೆಯುತ್ತಾರೆ ಎನ್ನುವವರಿಗೆ ಇದು ಎದುರು ಉದಾಹರಣೆ.

ಆಸ್ಟ್ರೇಲಿಯಾದ ಜನಗಣತಿಯೂ ಇದನ್ನೇ ದೊಡ್ಡ ಪ್ರಮಾಣದಲ್ಲಿ ತೋರಿಸುತ್ತದೆ. ತಮಗೆ ಧರ್ಮವಿಲ್ಲ ಎಂದವರು 2011ರಲ್ಲಿ ಶೇ. 22ರಷ್ಟಿದ್ದರು, 2021ರಲ್ಲಿ ಅವರ ಪ್ರಮಾಣ ಶೇ. 38.9. ಅದೇ 2021ರಲ್ಲಿ ಹಿಂದೂಗಳು ಶೇ. 2.7 ಇದ್ದು, ಆ ಸಂಖ್ಯೆ ಬೆಳೆದದ್ದು ಮುಖ್ಯವಾಗಿ ವಲಸೆಯಿಂದ. ಸಾವು ಎಲ್ಲರಿಗೂ ಒಂದೇ. ನಂಬಿಕೆಯನ್ನು ಏರಿಸುವುದೂ ಇಳಿಸುವುದೂ ಹುಟ್ಟಿದ ಮನೆ, ಬೆಳೆದ ಸಮಾಜ, ಬದುಕಿನ ಭದ್ರತೆಗಳು.

ತೀರ್ಮಾನ

ಸಾವಿನ ಭಯಕ್ಕೆ ಒಂದು ಪಾತ್ರವಿದೆ, ಆದರೆ ಅದು ಸೀಮಿತ. ಈಗಾಗಲೇ ಇರುವ ನಂಬಿಕೆಯನ್ನು ಆಪತ್ತಿನಲ್ಲಿ ಅದು ಕೆಲಕಾಲ ಬಲಗೊಳಿಸುತ್ತದೆ. ಇಲ್ಲದ ನಂಬಿಕೆಯನ್ನು ಹುಟ್ಟಿಸುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ. ಧರ್ಮಕ್ಕೂ ಸಾವಿಗೂ ಇರುವ ಗಟ್ಟಿಯಾದ ನಂಟು ಕಾಣುವುದು ನಮ್ಮವರು ಸತ್ತಾಗ. ಅವರಿಗೆ ಏನು ಸಲ್ಲಬೇಕು ಎಂಬುದಕ್ಕೆ ಧರ್ಮದ ಬಳಿ ಸಿದ್ಧವಾದ ಉತ್ತರವಿದೆ. ಬೇರೆ ವ್ಯವಸ್ಥೆಗಳು ಅದನ್ನು ಇನ್ನೂ ಅಷ್ಟು ಚೆನ್ನಾಗಿ ಕಲಿತಿಲ್ಲ. ಪರದೇಶದಲ್ಲಿ ನೆಲೆಸಿದವರು ತಮಗೆ ಯಾವ ಬಗೆಯ ಕ್ರಿಯೆ ಬೇಕು, ಬೇಡ ಎಂಬುದನ್ನು ಮಕ್ಕಳಿಗೆ ಈಗಲೇ ಹೇಳಿಟ್ಟರೆ, ಸಾವಾದ ವಾರದಲ್ಲಿ ಮಕ್ಕಳು ಪಡುವ ಗೊಂದಲವಾದರೂ ತಪ್ಪುತ್ತದೆ.